ವಕೀಲರು, ಜಾಲತಾಣ, ನನ್ನ ಊಟದ ಮೇಜು: ಎಚ್-4 ಕೆಲಸದ ಪರವಾನಗಿಗೆ ಮೂರು ದಾರಿ

ಅಮೆರಿಕಕ್ಕೆ ಎಚ್-1ಬಿ ಎಂಬ ಕೆಲಸದ ವೀಸಾದವರ ಹೆಂಡತಿಯಾಗಿ ಬಂದವಳು ನಾನು. ನನ್ನ ಎಚ್-4 ವೀಸಾದಲ್ಲಿ ಇಲ್ಲಿ ಇರಬಹುದು, ಓದಬಹುದು. ದುಡಿಯಬೇಕೆಂದರೆ ಮಾತ್ರ ಇಎಡಿ ಎಂಬ ಕಾರ್ಡ್ ಬೇಕು, ಅದಕ್ಕೆ ಐ-765 ಎಂಬ ಅರ್ಜಿ ಹಾಕಬೇಕು. ಕಾನೂನಿನ ಲೆಕ್ಕದಲ್ಲಿ ನಾವು ವಲಸಿಗರೂ ಅಲ್ಲ, 'ವಲಸೆಯಲ್ಲದ' ವರ್ಗದವರು; ಆದರೆ ಕಾಗದಪತ್ರದ ಹೊರೆ ಮಾತ್ರ ಯಾವ ವಲಸಿಗರಿಗಿಂತಲೂ ಕಡಿಮೆಯಿಲ್ಲ. 2016ರಿಂದ ಈಚೆಗೆ ಈ ಅರ್ಜಿಯನ್ನು ನಾಲ್ಕು ಸಲ ಹಾಕಿದ್ದೇನೆ. ಮೊದಲ ಸಲ ವಕೀಲರ ಕಚೇರಿಯಿಂದ, 2019ರಲ್ಲಿ ನಾನೇ, 2022ರಲ್ಲಿ ಹಣ ಪಡೆದು ಅರ್ಜಿ ತುಂಬಿಕೊಡುವ ಒಂದು ಜಾಲತಾಣದಿಂದ, 2025ರಲ್ಲಿ ಮತ್ತೆ ನಾನೇ.

ಯಾವುದು ವಾಸಿ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೊದಲ ಅರ್ಜಿಗೆ ವಕೀಲರಿರಲಿ, ನವೀಕರಣವನ್ನು ನೀವೇ ಮಾಡಿಕೊಳ್ಳಿ, ಜಾಲತಾಣದ ಹತ್ತಿರ ಸುಳಿಯಬೇಡಿ. ಆದರೆ ಮೂರರಲ್ಲಿ ಯಾವುದನ್ನು ಹಿಡಿದರೂ ನಿಮ್ಮ ಹೆಸರು, ದಿನಾಂಕ, ಸಂಖ್ಯೆಗಳನ್ನು ತಾಳೆ ನೋಡುವ ಕೆಲಸ ನಿಮ್ಮ ತಲೆಯ ಮೇಲೇ ಇರುತ್ತದೆ. ಆ ಕೆಲಸವನ್ನು ದುಡ್ಡು ಕೊಟ್ಟು ಕಳಚಿಕೊಳ್ಳಬಹುದು ಎಂದುಕೊಂಡಾಗಲೆಲ್ಲ ನಾನು ಏಟು ತಿಂದಿದ್ದೇನೆ.

ಎಚ್-4ನವರಿಗೆ ಈ ಬಾಗಿಲು ತೆರೆದದ್ದು 2015ರ ಮೇ 26ರಂದು. ಅದೂ ಎಲ್ಲರಿಗೂ ಅಲ್ಲ. ಎಚ್-1ಬಿಯಲ್ಲಿರುವ ಗಂಡನಿಗೋ ಹೆಂಡತಿಗೋ, ಕಾಯಂ ವಾಸದ ಹಸಿರು ಕಾರ್ಡಿನ ದಾರಿಯಲ್ಲಿ, ಕಂಪನಿ ಹಾಕುವ ಐ-140 ಎಂಬ ಅರ್ಜಿ ಮಂಜೂರಾಗಿರಬೇಕು, ಇಲ್ಲವೇ ಎಚ್-1ಬಿಯ ಆರು ವರ್ಷಗಳ ಮಿತಿ ದಾಟಿದ ವಿಸ್ತರಣೆ ಸಿಕ್ಕಿರಬೇಕು. ನಮ್ಮ ಮನೆಯಲ್ಲಿ ಐ-140 ಮಂಜೂರಾದದ್ದು ಮರುವರ್ಷ. ಯಜಮಾನರ ಕಂಪನಿಯ ವಕೀಲರೇ ಇದನ್ನೂ ಮಾಡಿಕೊಡುತ್ತಾರೆ ಎಂದಾಗ ಎರಡು ಸಲ ಯೋಚಿಸಲಿಲ್ಲ. ಸರ್ಕಾರದ ಶುಲ್ಕ ಆಗ 380 ಡಾಲರ್. ವಕೀಲರ ಶುಲ್ಕ ಅದಕ್ಕಿಂತ ಹೆಚ್ಚು, ಅದು ನಮ್ಮ ಜೇಬಿನಿಂದಲೇ ಹೋಯಿತು.

ವಕೀಲರ ಕಚೇರಿ ಎಂದರೆ ವಕೀಲರು ಎದುರು ಕೂತು ಮಾತಾಡುತ್ತಾರೆ ಎಂದು ನಾನು ಕಲ್ಪಿಸಿಕೊಂಡಿದ್ದೆ. ನನ್ನ ಕಡತವನ್ನು ನೋಡಿಕೊಂಡದ್ದು ಒಬ್ಬ ಸಹಾಯಕಿ. ಅವರು ಕಳಿಸಿದ ಪ್ರಶ್ನಾವಳಿಯನ್ನು ತುಂಬಿದೆ, ಸ್ಕ್ಯಾನ್ ಮಾಡಿದ ಕಾಗದಗಳನ್ನು ಏರಿಸಿದೆ. ಹತ್ತು ದಿನಗಳ ಮೇಲೆ ಕರಡು ಬಂತು. ಮೊದಲ ಪುಟದಲ್ಲೇ ನನ್ನ ಹೆಸರು ತಪ್ಪಾಗಿತ್ತು.

ತಪ್ಪು ಎನ್ನುವುದೂ ಅಷ್ಟು ಸರಿಯಲ್ಲವೇನೋ. ನನ್ನ ಪಾಸ್‌ಪೋರ್ಟಿನಲ್ಲಿ ಉಪನಾಮದ ಸಾಲು ಖಾಲಿ. ನನ್ನ ಹೆಸರು, ಅದರ ಬೆನ್ನಿಗೆ ಅಪ್ಪನ ಹೆಸರು, ಎರಡೂ ಇನ್ನೊಂದು ಸಾಲಿನಲ್ಲಿವೆ. ಅಮೆರಿಕದ ವೀಸಾದಲ್ಲಿ ಅವೆರಡೂ ಉಪನಾಮದ ಜಾಗಕ್ಕೆ ಹೋಗಿ ಕುಳಿತವು. ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂಬ ಮೂರು ಅಕ್ಷರ ಬಂತು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು. ಮದುವೆಯ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಮಾತ್ರ ಇದೆ. ಇಲ್ಲಿನ ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿಕೊಂಡಿದೆ. ಕಾಗದ ನಾಲ್ಕು, ಹೆಂಗಸರೂ ನಾಲ್ವರು. ಸಹಾಯಕಿ ಪಾಸ್‌ಪೋರ್ಟನ್ನಷ್ಟೇ ನೋಡಿ, ಅಪ್ಪನ ಹೆಸರನ್ನು ಉಪನಾಮವೆಂದು ತಾವೇ ತೀರ್ಮಾನಿಸಿ ಬಿಡಿಸಿ ಬರೆದಿದ್ದರು. ಹೀಗಾದರೆ ದೇಶಕ್ಕೆ ಬಂದ ದಾಖಲೆಯಾದ ಐ-94ಕ್ಕೂ ಅರ್ಜಿಗೂ ತಾಳೆಯಾಗುವುದಿಲ್ಲ. ನಾನು ಬರೆದು ತಿಳಿಸಿದ ಮೇಲೆ ಐ-94ರಲ್ಲಿದ್ದಂತೆ ಮುಖ್ಯ ಹೆಸರನ್ನು ಹಾಕಿ, ಉಳಿದ ಮೂರನ್ನು 'ಬಳಸಿದ ಇತರ ಹೆಸರುಗಳು' ಎಂಬ ಅಂಕಣಕ್ಕೆ ಸೇರಿಸಿದರು. ಆ ಅಂಕಣ ಇರುವುದೇ ಇದಕ್ಕಾಗಿ.

ಅನುವಾದದ್ದು ಇನ್ನೊಂದು ಕಥೆ. ನಮ್ಮ ಮದುವೆಯ ಪ್ರಮಾಣಪತ್ರ ಕನ್ನಡದಲ್ಲಿದೆ. ಇಂಗ್ಲಿಷಿನಲ್ಲಿಲ್ಲದ ಯಾವ ದಾಖಲೆಗೂ ಪೂರ್ತಿ ಅನುವಾದ ಬೇಕು. ಜೊತೆಗೆ ಅನುವಾದಕರು ಇದು ಸಂಪೂರ್ಣ, ಸರಿಯಾದ ಅನುವಾದ, ಈ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸುವ ಸಾಮರ್ಥ್ಯ ತಮಗಿದೆ ಎಂದು ಸಹಿ ಹಾಕಬೇಕು. ವಕೀಲರ ಕಚೇರಿ ಅದನ್ನು ಯಾವುದೋ ಅನುವಾದ ಸಂಸ್ಥೆಗೆ ಕಳಿಸಿ ಬಿಲ್ಲು ನಮಗೆ ಹಾಕಿತು. ಬಂದ ಅನುವಾದದಲ್ಲಿ ಯಜಮಾನರ ಹೆಸರಿನ ನಡುವೆ 'ಬಿನ್' ಎಂಬುದು ಹಾಗೆಯೇ ಇಳಿದಿತ್ತು. ನಮ್ಮ ಸರ್ಕಾರಿ ಕಾಗದಗಳಲ್ಲಿ 'ಇಂಥವರ ಮಗ' ಎನ್ನಲು ಬರೆಯುವ ಆ ಪದವನ್ನು ಅನುವಾದಕರು ಹೆಸರಿನ ಭಾಗವೆಂದು ತಿಳಿದಿದ್ದರು. ಜೊತೆಗೆ ಮದುವೆಯ ತಾರೀಖು. ನಾವು ಬರೆಯುವುದು ದಿನ, ತಿಂಗಳು, ವರ್ಷ. ಇಲ್ಲಿ ತಿಂಗಳು ಮೊದಲು. ಜುಲೈ ನಾಲ್ಕರ ಮದುವೆ ಏಪ್ರಿಲ್ ಏಳಕ್ಕೆ ಹೋಗಿತ್ತು. ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ, ಅದನ್ನು ತಿದ್ದಿಸಲು ಇನ್ನೂ ಒಂದು ವಾರ ಹಿಡಿಯಿತು.

ಇಷ್ಟಾದರೂ ವಕೀಲರಿಗೆ ಕೊಟ್ಟ ಹಣ ದಂಡವಾಯಿತು ಎನ್ನಲಾರೆ. ಯಾವ ಕಾಗದ ಬೇಕು, ಯಾವುದು ಬೇಡ ಎಂಬುದು ಅವರಿಗೆ ಗೊತ್ತಿತ್ತು. ಯಜಮಾನರ ಐ-797 ಮಂಜೂರಾತಿ ಪತ್ರ, ಐ-140ರ ಪತ್ರ, ಇಬ್ಬರ ಪಾಸ್‌ಪೋರ್ಟ್ ಪುಟಗಳು, ನನ್ನ ಐ-94, ಮದುವೆಯ ಪ್ರಮಾಣಪತ್ರ, ಎರಡು ಇಂಚಿಗೆ ಎರಡು ಇಂಚಿನ ಎರಡು ಭಾವಚಿತ್ರ. ಬೇರೆ ಏನನ್ನೂ ಸೇರಿಸಲಿಲ್ಲ. ನಾನೇ ಮಾಡಿದ್ದರೆ ಮದುವೆಯ ಆಲ್ಬಮ್ಮನ್ನೂ ತುರುಕಿಬಿಡುತ್ತಿದ್ದೆ. ಅವರ ಕಟ್ಟು ನೋಡಲೂ ಚೆಂದವಿತ್ತು: ಮೇಲ್ಗಡೆ ಎರಡು ತೂತು ಹೊಡೆದು ಬಿಗಿದ ಕ್ಲಿಪ್ಪು, ಕೆಳಗೆ ಅಂಕಿ ಬರೆದ ಚೀಟಿಗಳು, ಮೊದಲಿಗೆ ಜಿ-28 ಎಂಬ ವಕಾಲತ್ತಿನ ಪತ್ರ. ಆ ಪತ್ರದಿಂದ ಒಂದು ಕಿರಿಕಿರಿಯೂ ಇದೆ. ಬರುವ ಕಾಗದಗಳಿಗೆಲ್ಲ ವಕೀಲರ ಕಚೇರಿಯೂ ಒಂದು ವಿಳಾಸವಾಗುತ್ತದೆ; ಸ್ವೀಕೃತಿ ಸಂಖ್ಯೆ ಬಂತೇ ಎಂದು ಕೇಳಿ ನಾನು ಮೂರು ಮಿಂಚಂಚೆ ಬರೆಯಬೇಕಾಯಿತು.

2019ಕ್ಕೆ ನನಗೆ ಧೈರ್ಯ ಬಂದಿತ್ತು. ಹಳೆಯ ಕಡತದ ಪ್ರತಿ ಕೈಯಲ್ಲಿದೆ, ಅದನ್ನೇ ನೋಡಿ ಬರೆದರಾಯಿತು ಎಂದುಕೊಂಡೆ. ಈ ಸಲ ಎಚ್-4 ವಿಸ್ತರಣೆಯ ಐ-539ನ್ನೂ ಸೇರಿಸಬೇಕಿತ್ತು. ಮುಂಜಾಗ್ರತೆಯೆಂದು ಎರಡೂ ಅರ್ಜಿಗಳನ್ನು ಜನವರಿಯಲ್ಲೇ ಇಳಿಸಿಕೊಂಡು, ನಿಧಾನವಾಗಿ ತುಂಬಿ, ಏಪ್ರಿಲ್‌ನಲ್ಲಿ ಅಂಚೆಗೆ ಹಾಕಿದೆ. ಮೂರು ವಾರಗಳಲ್ಲಿ ಇಡೀ ಕಟ್ಟು ಚೆಕ್ಕುಗಳ ಸಮೇತ ಮನೆಗೆ ಮರಳಿತು. ಆ ವರ್ಷ ಮಾರ್ಚ್ 11ರಿಂದ ಐ-539ರ ಹೊಸ ಆವೃತ್ತಿ ಜಾರಿಗೆ ಬಂದಿತ್ತು. ಬೆರಳಿನ ಗುರುತು ಪಡೆಯಲೆಂದು 85 ಡಾಲರ್ ಪ್ರತ್ಯೇಕ ಶುಲ್ಕವೂ ಸೇರಿತ್ತು. ನನ್ನದು ಹಳೆಯ ಆವೃತ್ತಿ. ಪ್ರತಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಆವೃತ್ತಿಯ ದಿನಾಂಕ ಇರುತ್ತದೆ; ಮೂರು ತಿಂಗಳು ಅದರ ಮೇಲೆಯೇ ಕೈಯಾಡಿಸಿದ್ದರೂ ಕಣ್ಣಿಗೆ ಬಿದ್ದಿರಲಿಲ್ಲ. ತಪ್ಪು ನೂರಕ್ಕೆ ನೂರು ನನ್ನದೇ. ವಕೀಲರಾಗಿದ್ದರೆ ಇದನ್ನು ಮಾಡುತ್ತಿರಲಿಲ್ಲ, ನಿಯಮ ಬದಲಾದ ದಿನವೇ ಅವರಿಗೆ ತಿಳಿದಿರುತ್ತದೆ.

ಆಗ ನಮ್ಮ ವರ್ಗಕ್ಕೆ ಹಳೆಯ ಕಾರ್ಡ್ ತಾನಾಗಿ ಮುಂದುವರಿಯುವ ಸೌಲಭ್ಯವೂ ಇರಲಿಲ್ಲ. ಕಾರ್ಡಿನ ಅವಧಿ ಸೆಪ್ಟೆಂಬರಿನಲ್ಲಿ ಮುಗಿದ ಮರುದಿನ ಕಂಪನಿಯ ಲ್ಯಾಪ್‌ಟಾಪನ್ನು ಮರಳಿಸಿ ಮನೆಯಲ್ಲಿ ಕುಳಿತೆ. ಕಳೆದುಕೊಂಡ ಸಂಬಳದ ಎದುರು ಉಳಿಸಿದ ವಕೀಲರ ಶುಲ್ಕ ಯಾವ ಲೆಕ್ಕ.

ಆ ಪೆಟ್ಟಿನ ನೆನಪಿಗೇ 2022ರಲ್ಲಿ ಜಾಲತಾಣದ ಬಲೆಗೆ ಬಿದ್ದದ್ದು. ವಕೀಲರಷ್ಟು ದುಬಾರಿಯಲ್ಲ, ಒಬ್ಬಳೇ ಮಾಡಿದಷ್ಟು ಅಪಾಯವೂ ಇಲ್ಲ ಎಂಬುದು ಅವರ ಜಾಹೀರಾತು. 250 ಡಾಲರ್ ಕಟ್ಟಿದೆ. ಪರದೆಯ ಮೇಲೆ ಒಂದೊಂದೇ ಪ್ರಶ್ನೆ ಬರುತ್ತದೆ, ಉತ್ತರಿಸುತ್ತಾ ಹೋದರೆ ಕೊನೆಯಲ್ಲಿ ತುಂಬಿದ ಅರ್ಜಿ ಪ್ರಿಂಟ್ ಮಾಡಲು ಸಿಗುತ್ತದೆ. ಪ್ರಶ್ನೆಗಳು ಅರ್ಜಿಯಲ್ಲಿರುವವೇ, ಭಾಷೆ ಕೊಂಚ ಸರಳ. ಆ ಅರ್ಜಿ ಸರ್ಕಾರದ ತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಅಂದರೆ ನಾನು ದುಡ್ಡು ತೆತ್ತದ್ದು ನನ್ನದೇ ಉತ್ತರಗಳನ್ನು ನನಗೆ ಬೆರಳಚ್ಚು ಮಾಡಿ ಕೊಟ್ಟದ್ದಕ್ಕೆ.

ಕೊನೆಗೆ ಬಂದ ಅರ್ಜಿಯನ್ನು ಬಿಡದೆ ತಾಳೆ ನೋಡಿದೆ. (ಸಿ)(26) ಎಂಬುದು ನಮ್ಮ ವರ್ಗದ ಸಂಕೇತ. ಆ ವರ್ಗದವರಿಗೆಂದೇ 29ನೆಯ ಪ್ರಶ್ನೆ ಇದೆ, ಅಲ್ಲಿ ಗಂಡನ ಇತ್ತೀಚಿನ ಎಚ್-1ಬಿ ಪತ್ರದ ಸ್ವೀಕೃತಿ ಸಂಖ್ಯೆ ಬರೆಯಬೇಕು. ಮೂರು ಅಕ್ಷರ, ಹತ್ತು ಅಂಕಿ. ಜಾಲತಾಣ ಕೇಳಿದ್ದು 'ನಿಮ್ಮ ಸಂಗಾತಿಯ ಸ್ವೀಕೃತಿ ಸಂಖ್ಯೆ' ಎಂದಷ್ಟೇ. ಕೈಗೆ ಸಿಕ್ಕ 2019ರ ಪತ್ರದ ಸಂಖ್ಯೆಯನ್ನು ನಾನು ಕೊಟ್ಟಿದ್ದೆ, ಅದು ಹಾಗೆಯೇ ಇಳಿದಿತ್ತು. ಹೊಸದೋ ಹಳೆಯದೋ ಎಂದು ಕೇಳುವ ಮನುಷ್ಯರು ಅಲ್ಲಿ ಯಾರೂ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ 'ನಾವು ಕಾನೂನು ಸಲಹೆ ಕೊಡುವಂತಿಲ್ಲ' ಎಂದರು. ಅದು ನಿಜವೇ. ಅಂಥ ಸಲಹೆ ಕೊಡುವ ಹಕ್ಕು ಇರುವುದು ವಕೀಲರಿಗೆ ಮತ್ತು ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳಿಗೆ ಮಾತ್ರ. ನನಗೆ ಹೆಚ್ಚು ಕಸಿವಿಸಿಯಾದದ್ದು ಅರ್ಜಿಯ ಐದನೆಯ ಭಾಗ ನೋಡಿ. ಅರ್ಜಿದಾರರ ಪರವಾಗಿ ಅರ್ಜಿ ಸಿದ್ಧಪಡಿಸಿದವರು ಹೆಸರು ಬರೆದು ಸಹಿ ಹಾಕಬೇಕಾದ ಜಾಗ ಅದು. ಖಾಲಿ ಬಿಟ್ಟಿದ್ದರು. ತುಂಬಿದವಳು ನೀನೇ, ನಾವು ಬರೀ ಯಂತ್ರ ಎಂಬ ವಾದ. ಯಂತ್ರವೇ ಆದರೆ 250 ಡಾಲರ್ ಯಾತಕ್ಕೆ? ಸಂಖ್ಯೆಯನ್ನು ತಿದ್ದಿ ಕಳಿಸಿದೆ, ಕಾರ್ಡ್ ಬಂತು. ಅದರಲ್ಲಿ ಅವರ ಪಾಲು ಏನಿತ್ತೋ ನನಗೆ ಇಂದಿಗೂ ಗೊತ್ತಾಗಿಲ್ಲ.

2025ರ ಬೇಸಿಗೆಯಲ್ಲಿ ಊಟದ ಮೇಜಿನ ಮೇಲೆ ಮತ್ತೆ ಕಾಗದ ಹರಡಿದೆ. ಹಳೆಯ ಕಾರ್ಡ್ ಮುಗಿಯುವ 180 ದಿನಗಳ ಒಳಗೆ ನವೀಕರಣಕ್ಕೆ ಹಾಕಬಹುದು. ಹಾಕಬಹುದಾದ ಮೊದಲ ವಾರದಲ್ಲೇ ಹಾಕಿದೆ. ಶುಲ್ಕ ಏರಿತ್ತು: ಕಾಗದದ ಐ-765ಕ್ಕೆ 520 ಡಾಲರ್, ಐ-539ಕ್ಕೆ 470. ಎರಡಕ್ಕೂ ಬೇರೆ ಬೇರೆ ಚೆಕ್ ಬರೆದೆ. ಅದೇ ಅಕ್ಟೋಬರ್ 28ರ ನಂತರ ಕಾಗದದ ಚೆಕ್ಕನ್ನೇ ನಿಲ್ಲಿಸಿದರು. ಈಗ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನಿಂದ ಕಟ್ಟುವುದಾದರೆ ಜಿ-1450, ಬ್ಯಾಂಕ್ ಖಾತೆಯಿಂದಾದರೆ ಜಿ-1650 ಎಂಬ ಪುಟವನ್ನು ತುಂಬಿ ಇಡಬೇಕು. ನಡುವೆ ನಮ್ಮ ವರ್ಗಕ್ಕೂ ಸಿಕ್ಕಿದ್ದ, ಹಳೆಯ ಕಾರ್ಡ್ ತಾನಾಗಿ ಮುಂದುವರಿಯುವ ಸೌಲಭ್ಯವನ್ನೂ ಅಕ್ಟೋಬರ್ 30ರಿಂದ ಹಾಕಿದ ನವೀಕರಣಗಳಿಗೆ ತೆಗೆದುಹಾಕಿದ್ದಾರೆ. ಹಾಗಾಗಿ ಹತ್ತು ದಿನ ಕಾದು ಕರಡು ನೋಡುವ ವಕೀಲರ ಕಚೇರಿಯ ನಿಧಾನ ನವೀಕರಣಕ್ಕೆ ಈಗ ಮೊದಲಿಗಿಂತ ದುಬಾರಿ.

ನಾನು ಈಗ ಮಾಡುವ ರೀತಿ ಹೀಗಿದೆ. ಅರ್ಜಿಯನ್ನು ಕಳಿಸುವ ವಾರದಲ್ಲೇ ಹೊಸದಾಗಿ ಇಳಿಸಿಕೊಳ್ಳುತ್ತೇನೆ, ಮೊದಲ ಪುಟದಿಂದ ಕೊನೆಯವರೆಗೆ ಆವೃತ್ತಿಯ ದಿನಾಂಕ ಒಂದೇ ಇದೆಯೇ ಎಂದು ಬೆರಳಿಟ್ಟು ನೋಡುತ್ತೇನೆ. ಅರ್ಜಿ ಸ್ವೀಕರಿಸುವ ಕೇಂದ್ರವಾದ ಲಾಕ್‌ಬಾಕ್ಸ್‌ನ ವಿಳಾಸವನ್ನೂ ಅದೇ ದಿನ ನೋಡುತ್ತೇನೆ. ವಾಸಿಸುವ ರಾಜ್ಯಕ್ಕೆ ತಕ್ಕಂತೆ ಅದು ಬೇರೆ, ಸರ್ಕಾರಿ ಅಂಚೆಗೆ ಒಂದು, ಖಾಸಗಿ ಕೊರಿಯರ್‌ಗೆ ಇನ್ನೊಂದು. 2025ರಲ್ಲಿ ಭಾವಚಿತ್ರಗಳ ಬೆನ್ನಿಗೆ ಪೆನ್ಸಿಲಿನಿಂದ ಹಗುರವಾಗಿ ಹೆಸರು ಬರೆದಿದ್ದೆ. 2016ರಲ್ಲಿ ವಕೀಲರು ಹೊಡೆದಂಥ ತೂತು, ಹಚ್ಚಿದಂಥ ಚೀಟಿ ಯಾವುದೂ ಈಗ ಬೇಡ. ವಲಸೆ ಇಲಾಖೆಯವರು ಕಾಗದಗಳನ್ನು ಸ್ಕ್ಯಾನ್ ಮಾಡುವುದರಿಂದ ಪಿನ್ನು ಕೂಡ ಇಲ್ಲದ ಬಿಡಿ ಹಾಳೆಗಳೇ ಅವರಿಗೆ ಅನುಕೂಲ. ಮೇಲೆ ಜಿ-1145 ಎಂಬ ಅರ್ಧ ನಿಮಿಷದ ಪುಟ. ಅದನ್ನಿಟ್ಟರೆ ಅರ್ಜಿ ಸ್ವೀಕೃತವಾದೊಡನೆ ಮೊಬೈಲಿಗೆ ಸಂದೇಶ ಬರುತ್ತದೆ, ಯಾರಿಗೂ ಮೂರು ಮಿಂಚಂಚೆ ಬರೆಯಬೇಕಿಲ್ಲ.

ಅನುವಾದವನ್ನು 2019ರಲ್ಲೇ ಸ್ನೇಹಿತೆಯೊಬ್ಬಳಿಂದ ಹೊಸದಾಗಿ ಮಾಡಿಸಿದ್ದೆ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲವರು ಮಾಡಿ, ಮೇಲೆ ಹೇಳಿದ ಮಾತು ಬರೆದು, ಸಹಿ ಮಾಡಿದರೆ ಸಾಕು. ನೋಟರಿಯ ಮುದ್ರೆ ಬೇಕಿಲ್ಲ. ಜುಲೈ ಎಂಬುದನ್ನು ಅವಳು ಅಕ್ಷರದಲ್ಲೇ ಬರೆದಳು.

ಹಾಗೆಂದು ಎಲ್ಲ ಕಡತವೂ ಊಟದ ಮೇಜಿಗೆ ಒಗ್ಗುವುದಿಲ್ಲ. ಕಳೆದ ತಿಂಗಳು ಪರಿಚಯದ ಹುಡುಗಿಯೊಬ್ಬಳು ಬಂದು 'ಅಕ್ಕಾ, ನನ್ನದನ್ನೂ ನೀವೇ ತುಂಬಿಕೊಡಿ' ಎಂದಳು. ಅವಳ ಮೊದಲ ಅರ್ಜಿ. ಗಂಡ ನಡುವೆ ಕಂಪನಿ ಬದಲಿಸಿದ್ದಾನೆ, ಐ-140 ಹಳೆಯ ಕಂಪನಿಯದು, ಅವಳ ಐ-94ರ ಅವಧಿ ಗಂಡನ ಹೊಸ ಪತ್ರದ ಅವಧಿಗೆ ಹೊಂದುವುದಿಲ್ಲ. ಕಾಗದಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಮದುವೆಯ ಪ್ರಮಾಣಪತ್ರ ಕನ್ನಡದ್ದು, ಎರಡನೆಯ ಸಾಲಿನಲ್ಲೇ 'ಬಿನ್' ಇತ್ತು. ಅದೊಂದನ್ನು ಅನುವಾದಿಸಿ, ನನ್ನ ಹೆಸರು ಬರೆದು ಸಹಿ ಹಾಕಿಕೊಟ್ಟೆ. ಉಳಿದದ್ದಕ್ಕೆ ವಕೀಲರ ಫೋನ್ ಸಂಖ್ಯೆ ಕೊಟ್ಟು, ಕರಡು ಬಂದಾಗ ಮೊದಲ ಪುಟ ತೆಗೆದುಕೊಂಡು ಬಾ, ಹೆಸರನ್ನು ಇಬ್ಬರೂ ಕೂತು ನೋಡೋಣ ಎಂದೆ.