ಮೂವತ್ತನೆಯ ಕುಂಡಕ್ಕೆ ಅರ್ಧ ಲೋಟ ನೀರು

ಮೊದಲ ಕುಂಡಕ್ಕೆ ಒಂದು ಗಂಟೆಯಲ್ಲಿ 1,900 ಮಿಲಿಲೀಟರ್. ಹತ್ತನೆಯದಕ್ಕೆ 600. ಮೂವತ್ತನೆಯದಕ್ಕೆ 80, ಅಂದರೆ ಅರ್ಧ ಲೋಟ ಕಾಫಿಯಷ್ಟು. ಮಾರ್ಚ್ ಮೊದಲ ವಾರ, ಕುಂಡಕ್ಕೆ ನೀರು ಹನಿಸುವ ಒಂದೊಂದು ಡ್ರಿಪ್ಪರ್ ಕೆಳಗೂ ಅಳತೆಯ ಮಗ್ ಹಿಡಿದು, ಗಡಿಯಾರ ನೋಡಿ ಬರೆದುಕೊಂಡ ಲೆಕ್ಕ ಇದು. ಆನ್‌ಲೈನ್‌ನಲ್ಲಿ ಸಿಗುವ ‘ಮನೆ ತೋಟದ ಹನಿ ನೀರಾವರಿ ಕಿಟ್’ ಕೊಳ್ಳಬೇಕೆಂದಿರುವವರು ಉಳಿದದ್ದನ್ನು ಓದದಿದ್ದರೂ ಈ ಮೂರು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು.

ನಾನು ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದು ನಿವೃತ್ತನಾದವನು. ಮನೆ ವಿದ್ಯಾರಣ್ಯಪುರದಲ್ಲಿ. ತಾರಸಿಯ ಮೇಲೆ ಮೂವತ್ತು ಕುಂಡಗಳಿವೆ: ಮಲ್ಲಿಗೆ ಆರು, ಗುಲಾಬಿ ಐದು, ಉಳಿದವು ಟೊಮೆಟೊ, ಮೆಣಸಿನಕಾಯಿ, ಬದನೆ, ಬಸಳೆ, ದಂಟು. ಮೊಣಕಾಲು ನೋವಿನಲ್ಲಿ ಬಿಂದಿಗೆ ಹೊತ್ತು ತಿರುಗುವುದು ಬೇಡವೆಂದು ಪುಣೆಯಲ್ಲಿರುವ ಮಗಳು ಈ ಕಿಟ್ ಕಳುಹಿಸಿದಳು. ಬೆಲೆ ಹೇಳಲು ಒಪ್ಪಲಿಲ್ಲ. ನಾನೇ ಹುಡುಕಿ ನೋಡಿದೆ. ಕಿಟ್‌ಗೆ 1,300 ರೂಪಾಯಿ, ಬ್ಯಾಟರಿ ಟೈಮರ್‌ಗೆ 2,400. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಸಾಮಾನು, ಇದೇ ಚಿತ್ರ, ನಾಲ್ಕು ಬೇರೆ ಬೇರೆ ಹೆಸರಿನಲ್ಲಿ ಮಾರಾಟಕ್ಕಿದೆ.

ಡಬ್ಬಿಯಲ್ಲಿ ಏನೂ ಕಡಿಮೆ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಹದಿನೈದು ಮೀಟರ್ ಉದ್ದದ 4 ಮಿಲಿಮೀಟರ್ ಕಪ್ಪು ಕೊಳವೆ, ಮೂವತ್ತು ಡ್ರಿಪ್ಪರ್, ಅಷ್ಟೇ ‘ಟಿ’ ಜೋಡಣೆಗಳು, ನಲ್ಲಿಗೆ ಹಾಕುವ ಕನೆಕ್ಟರ್. ಪ್ಲಾಸ್ಟಿಕ್ಕೂ ಕಳಪೆಯಲ್ಲ. ಕೊಳವೆಯ ತುದಿ ಬಿಗಿಯಾಗಿದ್ದು ಕೂರುವುದಿಲ್ಲ. ಒಂದು ಲೋಟ ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಬೆಣ್ಣೆಯಂತೆ ಒಳಗೆ ಇಳಿಯುತ್ತದೆ. ಈ ಒಂದು ಮಾತನ್ನು ಕೈಪಿಡಿಯಲ್ಲಿ ಬರೆದಿದ್ದರೆ ನನ್ನ ಹೆಬ್ಬೆರಳಿನ ಚರ್ಮ ಉಳಿಯುತ್ತಿತ್ತು.

ತೊಂದರೆ ಇರುವುದು ಒತ್ತಡದಲ್ಲಿ. ಕೈಪಿಡಿಯ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ‘ಕನಿಷ್ಠ 1 ಬಾರ್’ ಎಂದಿದೆ. ಹತ್ತು ಮೀಟರ್ ಎತ್ತರದಲ್ಲಿ ನೀರು ನಿಂತಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ನನ್ನ ಟ್ಯಾಂಕ್ ಕೂತಿರುವುದು ಅದೇ ತಾರಸಿಯ ಮೇಲೆ, ಇಟ್ಟಿಗೆ ಕಂಬಗಳ ಮೇಲೆ. ತುಂಬಿದಾಗಲೂ ನೀರಿನ ಮಟ್ಟ ಕುಂಡಗಳಿಗಿಂತ ಒಂದೂವರೆ ಮೀಟರ್ ಮೇಲಿರುತ್ತದೆ, ಅಷ್ಟೆ. ಅಂದರೆ 0.15 ಬಾರ್. ನಮ್ಮೂರಿನಲ್ಲಿ ತಾರಸಿ ತೋಟ ಮಾಡುವವರಲ್ಲಿ ಮುಕ್ಕಾಲು ಜನರ ಪರಿಸ್ಥಿತಿ ಇದೇ ಇರಬೇಕು. ಅದರ ಮೇಲೆ ಆ ಸಪೂರ ಕೊಳವೆ. ಇಷ್ಟು ನಿಧಾನವಾಗಿ ಹರಿಯುವ ನೀರಿಗೆ ಕೊಳವೆಯ ಒಳವ್ಯಾಸ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಕೊನೆಯ ಕುಂಡದ ದಂಟು ಬಾಡಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಟೈಮರ್ ಕಥೆ ಇನ್ನೊಂದು. ಅದರೊಳಗಿನ ವಾಲ್ವ್ ಮುಚ್ಚಿಕೊಳ್ಳುವುದಕ್ಕೂ ನೀರಿನ ಒತ್ತಡವೇ ಬೇಕು. ರಬ್ಬರ್ ಪರದೆಯನ್ನು ನೀರು ಒತ್ತಿ ಹಿಡಿದರೆ ತಾನೇ ಅದು ಮುಚ್ಚುವುದು. ಮಾರ್ಚ್ ಕೊನೆಯಲ್ಲಿ ಮಂಡ್ಯದಲ್ಲಿ ಹೆಂಡತಿಯ ಕಡೆಯ ಮದುವೆ, ಎರಡು ದಿನ ಹೋಗಿದ್ದೆವು. ಕೊನೆಯ ಕುಂಡಗಳಿಗೂ ನೀರು ಮುಟ್ಟಲೆಂದು ಡ್ರಿಪ್ಪರ್‌ಗಳನ್ನೆಲ್ಲ ಪೂರ್ತಿ ತಿರುಗಿಸಿ ತೆರೆದಿಟ್ಟಿದ್ದೆ. ಟೈಮರ್ ಹೊತ್ತಿಗೆ ಸರಿಯಾಗಿ ‘ಟಕ್’ ಎಂದಿರಬೇಕು, ನೀರು ಮಾತ್ರ ನಿಲ್ಲಲಿಲ್ಲ. ವಾಪಸು ಬಂದಾಗ 500 ಲೀಟರ್ ಟ್ಯಾಂಕ್ ಖಾಲಿ. ಮೊದಲ ಸಾಲಿನ ಮೆಣಸಿನಕಾಯಿ ಕುಂಡಗಳು ಕೆಸರುಗದ್ದೆ. ಮುಖ ತೊಳೆಯಲು ಪಕ್ಕದ ಮನೆಯಿಂದ ಒಂದು ಬಕೆಟ್ ನೀರು ತಂದೆವು. “ಬಿಂದಿಗೆಯೇ ಚೆನ್ನಾಗಿತ್ತು ಅಲ್ಲವೇ ರೀ?” ಎಂದಳು ನನ್ನವಳು. ಉತ್ತರ ಕೊಡಲಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದೆ. ಫೋಟೊ ಕೇಳಿದರು, ಕಳುಹಿಸಿದೆ. ವಿಡಿಯೊ ಕೇಳಿದರು, ಅದನ್ನೂ ಕಳುಹಿಸಿದೆ. ‘ಒತ್ತಡ’ ಎಂಬ ಪದವನ್ನು ಏಳು ಸಲ ಹೇಳಿದೆ. ಹತ್ತು ದಿನದ ನಂತರ ಕ್ಷಮಾಪಣೆಯ ಚೀಟಿಯೊಂದಿಗೆ ಬಂದದ್ದು ಅದೇ ಕಿಟ್, ಅದೇ ಟೈಮರ್, ಹೊಸದು.

ಅಷ್ಟರಲ್ಲಿ ಮಂಡ್ಯದಲ್ಲಿ ಬೀಗರ ಔತಣ ಬಂತು. ನನ್ನ ಷಡ್ಡಕ ಅಲ್ಲೇ ಹತ್ತಿರದ ಹಳ್ಳಿಯಲ್ಲಿ ಕಬ್ಬು, ಟೊಮೆಟೊ ಬೆಳೆಯುವವನು. ಊಟದ ಪಂಕ್ತಿಯಲ್ಲಿ ನನ್ನ ಗೋಳು ಕೇಳಿ, ಮೂಳೆ ಚೀಪುವುದನ್ನು ನಿಲ್ಲಿಸಿ ನಕ್ಕ. “ಭಾವ, ಆಟದ ಸಾಮಾನು ತೆಗೆದುಕೊಂಡಿದ್ದೀರಿ” ಎಂದವನು, ಕೈ ತೊಳೆದದ್ದೇ ತಡ, ರೈತರಿಗೆ ಡ್ರಿಪ್ ಸಾಮಾನು ಮಾರುವ ಅಂಗಡಿಗೆ ಕರೆದುಕೊಂಡು ಹೋದ. ಹತ್ತಡಿ ಅಗಲದ ಅಂಗಡಿ. ಬಾಗಿಲಲ್ಲೇ ಆಳೆತ್ತರ ಪೈಪ್ ಸುರುಳಿಗಳು, ಒಳಗೆ ಗೋಣಿಚೀಲಗಳಲ್ಲಿ ಡ್ರಿಪ್ಪರ್‌ಗಳನ್ನು ಹುರಿಗಡಲೆಯಂತೆ ಸುರಿದಿಟ್ಟಿದ್ದರು. “ಎಷ್ಟು ಎಕರೆ?” ಎಂದು ಕೇಳಿದರು. ಮೂವತ್ತು ಕುಂಡ ಎಂದೆ. ಅಂಗಡಿಯವರು ನಗಲಿಲ್ಲ. ಟ್ಯಾಂಕ್ ಎಷ್ಟು ಎತ್ತರ ಎಂಬುದು ಅವರ ಎರಡನೆಯ ಪ್ರಶ್ನೆ. ಇಷ್ಟು ದಿನದಲ್ಲಿ ಯಾರೂ ಕೇಳದೆ ಇದ್ದ ಪ್ರಶ್ನೆ. ನಾನು ಒತ್ತಡ ಸರಿದೂಗಿಸುವ ದುಬಾರಿ ಡ್ರಿಪ್ಪರ್ ಇರುವ ಚೀಲಕ್ಕೆ ಕೈ ಹಾಕಿದರೆ ತಡೆದರು: “ಅದು ಬೇಡ ಸಾರ್. ನಿಮ್ಮ ಟ್ಯಾಂಕಿನ ಒತ್ತಡಕ್ಕೆ ಅದು ಬಾಯಿಯನ್ನೇ ಬಿಡುವುದಿಲ್ಲ.” ಪೂರ್ತಿ ಒತ್ತಡವಿದ್ದರೆ ಗಂಟೆಗೆ 4 ಲೀಟರ್ ಹನಿಸುವ ಸಾದಾ ಡ್ರಿಪ್ಪರ್ ತಾವೇ ಎಣಿಸಿ ಕೊಟ್ಟರು. ಡ್ರಿಪ್ಪರ್ ಚುಚ್ಚುವ 16 ಮಿಲಿಮೀಟರ್ ಲ್ಯಾಟರಲ್ ಪೈಪ್ ಇಪ್ಪತ್ತು ಮೀಟರ್, ಡ್ರಿಪ್ಪರ್ ನಲವತ್ತು, ಒಂದು ಜಾಲರಿ ಫಿಲ್ಟರ್, ಸಣ್ಣಪುಟ್ಟ ಜೋಡಣೆ ಎಲ್ಲ ಸೇರಿ 660 ರೂಪಾಯಿ. ತೂತು ಕೊರೆಯುವ ಪಂಚ್ ಸಾಲ ಕೊಟ್ಟರು, ವಾಪಸು ಕೊಡುವುದು ಇನ್ನೂ ಬಾಕಿ ಇದೆ. ಪೈಪನ್ನು ಉದ್ದಕ್ಕೆ ಎಳೆದು ಬಿಡದೆ, ತಾರಸಿ ಸುತ್ತ ಬಳೆಯಂತೆ ತಂದು ಎರಡೂ ತುದಿಗಳನ್ನು ಕೂಡಿಸಿ ಎಂದೂ ಅವರೇ ಹೇಳಿದರು. ನೀರು ಎರಡು ಕಡೆಯಿಂದಲೂ ಬರುವುದರಿಂದ ಕೊನೆಯ ಕುಂಡ ಎಂಬುದೇ ಇರುವುದಿಲ್ಲ.

ಮತ್ತೆ ಮಗ್ ಹಿಡಿದು ಕೂತೆ. ಟ್ಯಾಂಕ್ ತುಂಬಿರುವಾಗ ಗಂಟೆಗೆ ಮೊದಲ ಕುಂಡಕ್ಕೆ 1,500, ಮೂವತ್ತನೆಯದಕ್ಕೆ 1,450. ಟ್ಯಾಂಕ್ ತಳ ಕಾಣುವಾಗ ಎಲ್ಲಕ್ಕೂ 900ರ ಆಸುಪಾಸು. ಏಪ್ರಿಲ್ ಬಿಸಿಲಿನಲ್ಲಿ ನನ್ನ ಹನ್ನೆರಡು ಇಂಚಿನ ಕುಂಡಗಳಿಗೆ ದಿನಕ್ಕೆ ಒಂದೂವರೆ ಲೀಟರ್ ಸಾಕಾಯಿತು. ಮೇಲೆ ಷಡ್ಡಕ ಕೊಟ್ಟ ಕಬ್ಬಿನ ಒಣ ತರಗು ಹೊದಿಸಿದ ಮೇಲೆ ಒಂದು ಲೀಟರ್. ಟೈಮರ್ ಕಿತ್ತುಹಾಕಿದೆ. ಬೆಳಗ್ಗೆ ಐದೂ ಮುಕ್ಕಾಲಿಗೆ ನಲ್ಲಿ ತಿರುಗಿಸಿ ಪತ್ರಿಕೆ ಓದುತ್ತೇನೆ. ಕ್ರೀಡಾ ಪುಟ ಮುಗಿಯುವ ಹೊತ್ತಿಗೆ ನಿಲ್ಲಿಸುತ್ತೇನೆ.

ಮಧ್ಯಾಹ್ನ ಮಾತ್ರ ಯಾವ ಡ್ರಿಪ್ಪನ್ನೂ ತೆರೆಯಬೇಡಿ. ಕಾದ ತಾರಸಿಯ ಮೇಲೆ ಮಲಗಿರುವ ಕಪ್ಪು ಪೈಪಿನಲ್ಲಿ ಮೊದಲು ಬರುವುದು ಸ್ನಾನದ ನೀರು. ಕೈಗೆ ತಡೆಯದ್ದು ಬೇರಿಗೆ ಹೇಗೆ ತಡೆದೀತು?

ಬೋರ್‌ವೆಲ್ ನೀರಿಗೆ ಏಪ್ರಿಲ್ ಮಧ್ಯದಲ್ಲಿ ಹೊಸ ಡ್ರಿಪ್ಪರ್‌ಗಳೂ ಐದಾರು ಕಟ್ಟಿಕೊಂಡವು. ಬಾಯಲ್ಲಿ ಬಿಳಿ ಸುಣ್ಣ. ಬಾಯ್ಲರ್ ಟ್ಯೂಬಿನ ಸುಣ್ಣ ಕೆರೆದ ಕಥೆಗಳನ್ನು ವರ್ಕ್‌ಶಾಪಿನ ಹಿರಿಯರಿಂದ ಬೇಕಾದಷ್ಟು ಕೇಳಿದ್ದೆ. ವಿನೆಗರ್‌ನಲ್ಲಿ ರಾತ್ರಿಯೆಲ್ಲ ನೆನೆಸಿಟ್ಟರೆ ಬಿಟ್ಟುಕೊಳ್ಳುತ್ತದೆ. ಫಿಲ್ಟರ್ ತಡೆಯುವುದು ಕಸವನ್ನು ಮಾತ್ರ, ನೀರಿನಲ್ಲಿ ಕರಗಿರುವ ಸುಣ್ಣವನ್ನಲ್ಲ.

ಇನ್ನೊಂದು ಸಂಗತಿಯನ್ನು ಯಾವ ಕಿಟ್‌ನ ಜಾಹೀರಾತೂ ಹೇಳುವುದಿಲ್ಲ. ಪೈಪ್ ಹಿಡಿದು ಮೇಲಿನಿಂದ ನೀರು ಹಾಯಿಸುತ್ತಿದ್ದಾಗ ಎಲೆ ತೊಳೆದುಹೋಗುತ್ತಿತ್ತು. ಡ್ರಿಪ್ ಬಂದ ಮೇಲೆ ಎಲೆಗಳ ಮೇಲೆ ಧೂಳು, ಗುಲಾಬಿಯ ಎಲೆಗಳ ಅಡಿಯಲ್ಲಿ ಕೆಂಪು ನುಸಿ, ಸಣ್ಣ ಬಲೆ. ಒಣ ಬಿಸಿಲೆಂದರೆ ಅದಕ್ಕೆ ಹಬ್ಬ. ಎರಡು ಗಿಡ ಬೋಳಾದವು. ಈಗ ವಾರಕ್ಕೆರಡು ಸಲ ಎಲೆಯ ಅಡಿಗೆ ರಭಸವಾಗಿ ನೀರು ಹೊಡೆಯುತ್ತೇನೆ. ಮೊಣಕಾಲು ಪೂರ್ತಿ ಬಿಡುಗಡೆ ಪಡೆಯಲಿಲ್ಲ.

ಟೊಮೆಟೊ ಹೂವು ಉದುರಿದ್ದನ್ನು ಕಿಟ್ ತಲೆಗೆ ಕಟ್ಟುವುದಿಲ್ಲ. ಹಗಲು ತುಂಬ ಬಿಸಿಯಾಗಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಟ್ಟು ಕಾಯಿ ಕಟ್ಟುವುದಿಲ್ಲ, ಎಷ್ಟು ನೀರು ಕೊಟ್ಟರೂ ಅಷ್ಟೇ. ಮಲ್ಲಿಗೆ ಮಾತ್ರ ಈ ಬಿಸಿಲಿಗೇ ಕಾದಿದ್ದಂತೆ ಬಿಟ್ಟಿತು. ಅದನ್ನು ನೆರಳಿನ ಬಲೆಯ ಕೆಳಗೆ ಇಡಬೇಡಿ.

ಎರಡನೆಯ ಕಿಟ್ಟನ್ನು ಹಿಂದಿನ ಬೀದಿಯ ಸ್ನೇಹಿತರಿಗೆ ಕೊಟ್ಟೆ. ಅವರದು ಮೂರಂತಸ್ತಿನ ಮನೆ. ಟ್ಯಾಂಕ್ ತುತ್ತತುದಿಯಲ್ಲಿ, ಕುಂಡಗಳು ಕೆಳಗೆ ಅಂಗಳದಲ್ಲಿ. ಅಲ್ಲಿ ಅದೇ ಡ್ರಿಪ್ಪರ್‌ಗಳು ಮೊದಲಿನಿಂದ ಕೊನೆಯವರೆಗೆ ಚಟಪಟ ಹನಿಸುತ್ತಿವೆ, ಟೈಮರ್ ಸಮಯಕ್ಕೆ ಸರಿಯಾಗಿ ಮುಚ್ಚುತ್ತದೆ. ಭರಣಿ ಮಳೆ ಸುರಿಯುತ್ತಿದ್ದಾಗಲೂ ನೀರು ಬಿಟ್ಟಿತು ಎಂಬುದೊಂದೇ ಅವರ ದೂರು. ಕಿಟ್‌ಗೆ ಅವರು ಐದು ನಕ್ಷತ್ರ ಕೊಟ್ಟಿದ್ದಾರೆ. ನಾನು ಕೊಟ್ಟಿರುವುದು ಎರಡು, ಅದರಲ್ಲಿ ಒಂದು ಪ್ಲಾಸ್ಟಿಕ್ಕಿಗೆ.

ಮಗಳು ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾಳೆ, “ಅಪ್ಪಾ, ಡ್ರಿಪ್ ಹೇಗಿದೆ?” ಎಂದು. ಎಲ್ಲ ಕುಂಡಕ್ಕೂ ಒಂದೇ ಸಮ ನೀರು ಬರುತ್ತಿದೆ ಎನ್ನುತ್ತೇನೆ. ಯಾವ ಡ್ರಿಪ್ ಎಂದು ಅವಳು ಕೇಳಿಲ್ಲ.