ದೊಡ್ಡ ಆರ್‌ಸಿ ವಿಮಾನದ ಕಿಟ್ ತಂದಿದ್ದೀರಾ? ಇಂಜಿನ್ ಕೂರಿಸುವ ಮೊದಲು ಫೈರ್‌ವಾಲ್ ನೋಡಿ

ಪೆಟ್ರೋಲ್ ಇಂಜಿನ್ ಹಾಕುವ ದೊಡ್ಡ ರೇಡಿಯೊ ಕಂಟ್ರೋಲ್ ವಿಮಾನದ ಕಿಟ್ ಕೊಳ್ಳಬೇಕು ಅಂತಿರುವವರಿಗೆ, ಕೊಂಡು ಇನ್ನೂ ಡಬ್ಬಿ ಬಿಚ್ಚದೆ ಇಟ್ಟಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕೈಯಾರೆ ಅಂಟಿಸುವ ಜಾಗಗಳ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಅದನ್ನು ಹೇಗೂ ಜೋಪಾನವಾಗಿ ಮಾಡುತ್ತೀರಿ. ಕಾರ್ಖಾನೆಯವರು ಅಂಟಿಸಿ, ಮೇಲೆ ಬಣ್ಣದ ಫಿಲ್ಮ್ ಹೊದಿಸಿ ಮುಚ್ಚಿ ಕಳಿಸಿರುತ್ತಾರಲ್ಲ, ಆ ಜಾಗಗಳನ್ನು ನೋಡಿ. ನನ್ನ ವಿಮಾನ ಕೈತಪ್ಪಿ ಹೋದದ್ದು ಅಂಥ ಒಂದು ಜಾಗದಿಂದ.

ಕಿಟ್ 50 ಸಿಸಿ ಇಂಜಿನ್‌ಗೆ ಮಾಡಿದ್ದು. ರೆಕ್ಕೆ ತುದಿಯಿಂದ ತುದಿಗೆ ಸುಮಾರು 2.2 ಮೀಟರ್, ಎಲ್ಲ ಜೋಡಿಸಿದ ಮೇಲೆ ತೂಕ ಏಳೂವರೆ ಕೆಜಿ ಆಸುಪಾಸು. ಎಆರ್‌ಎಫ್ ಮಾದರಿ, ಅಂದರೆ ಬಾಲ್ಸಾ ಅನ್ನುವ ಹಗುರ ಮರ ಮತ್ತು ಪ್ಲೈವುಡ್‌ನ ಒಡಲು, ರೆಕ್ಕೆ, ಬಾಲ ಎಲ್ಲ ಕಟ್ಟಿಯೇ ಬರುತ್ತವೆ. ಇಂಜಿನ್, ಟ್ಯಾಂಕ್, ಸರ್ವೋ (ರೆಕ್ಕೆ, ಬಾಲದ ಭಾಗಗಳನ್ನು ಅಲ್ಲಾಡಿಸುವ ಪುಟ್ಟ ಮೋಟಾರು), ರಿಸೀವರ್, ಬ್ಯಾಟರಿ ಕೂರಿಸುವುದು ನಮ್ಮ ಕೆಲಸ. ಡಬ್ಬಿ ತೆಗೆದಾಗ ನೋಡಲು ಬಲು ಚೆಂದ. ಫಿಲ್ಮ್ ಮೇಲೆ ಒಂದು ಸುಕ್ಕಿಲ್ಲ. ಆ ಚೆಂದವೇ ಕಣ್ಣು ಕಟ್ಟುವುದು.

ಇಂಜಿನ್ ಕೂರುವ ದಪ್ಪ ಪ್ಲೈವುಡ್ ಹಲಗೆಗೆ ಫೈರ್‌ವಾಲ್ ಅನ್ನುತ್ತಾರೆ. ಅದರ ಅಂಚಿನಲ್ಲಿ ಹಲ್ಲುಗಳಿರುತ್ತವೆ, ಒಡಲಿನ ಪಕ್ಕದ ಹಲಗೆಗಳಲ್ಲಿ ಅದಕ್ಕೆ ಸರಿಹೊಂದುವ ಕಂಡಿಗಳಿರುತ್ತವೆ. ಎರಡನ್ನೂ ಕೂಡಿಸಿ ಅಂಟು ಹಾಕಬೇಕು. ನೆಲದ ಮೇಲೆ ಇಂಜಿನ್ ಓಡಿಸಿ ಪಳಗಿಸಿದಾಗ ಏನೂ ಗೊತ್ತಾಗಲಿಲ್ಲ. ಹಲ್ಲುಗಳು ಕಂಡಿಯಲ್ಲಿ ಬಿಗಿಯಾಗಿ ಕೂತಿದ್ದವು, ಹೊರಗಿನ ಫಿಲ್ಮ್ ಬೇರೆ ಹಿಡಿದುಕೊಂಡಿತ್ತು. ಮೊದಮೊದಲ ಹಾರಾಟಗಳಲ್ಲೂ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಒಂದು ಸಲ ಪೂರ್ತಿ ಥ್ರಾಟಲ್‌ನಲ್ಲಿ ಮೇಲಕ್ಕೆ ಏರುತ್ತಿದ್ದಾಗ ಸದ್ದು ಬದಲಾಯಿತು. ಪ್ರೊಪೆಲ್ಲರ್ ಇಂಜಿನ್ನಿನ ಹೊದಿಕೆಯಾದ ಕೌಲಿಂಗ್ ಅನ್ನು ಚಿಂದಿ ಮಾಡಿತು. ಫೈರ್‌ವಾಲ್ ಸಮೇತ ಇಂಜಿನ್ ಕಿತ್ತುಕೊಂಡು, ಇಗ್ನಿಷನ್ ವೈರಿನಲ್ಲಿ ಒಂದು ಕ್ಷಣ ನೇತಾಡಿ, ಬೇರೆ ಕಡೆ ಬಿತ್ತು.

ಮೂತಿಯಿಂದ ಹೆಚ್ಚುಕಡಿಮೆ ಎರಡು ಕೆಜಿ ಒಮ್ಮೆಲೇ ಹೋದರೆ ಏನಾಗುತ್ತದೆ ಅಂತ ಯೋಚಿಸಿ. ಗುರುತ್ವ ಕೇಂದ್ರ, ನಾವೆಲ್ಲ ಸಿಜಿ ಅನ್ನುತ್ತೇವಲ್ಲ, ಅದು ಹಿಂದಕ್ಕೆ ಸರಿಯುತ್ತದೆ. ಬಾಲ ಕೆಳಗಾಗುತ್ತದೆ. ಮೂತಿ ಏರಿಸಿ ಇಳಿಸುವ ಎಲಿವೇಟರ್ ಸ್ಟಿಕ್ಕನ್ನು ಮುಂದಕ್ಕೆ ಎಷ್ಟು ಒತ್ತಿದರೂ ಮೂತಿ ಬಗ್ಗುವುದಿಲ್ಲ. ರೇಡಿಯೊ ಕೆಲಸ ಮಾಡುತ್ತಿತ್ತು, ಸರ್ವೋಗಳೂ ಮಾಡುತ್ತಿದ್ದವು, ಆದರೆ ಅದು ಹಾರುವ ವಸ್ತುವಾಗಿ ಉಳಿದಿರಲಿಲ್ಲ. ಒಣಗಿದ ತೆಂಗಿನ ಗರಿ ಥರ ಓಲಾಡುತ್ತಾ ಬಿತ್ತು. ಜನರಿಂದ ದೂರ ಹಾರಿಸುವ ನಿಯಮ ಪಾಲಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಹರಿದ ಪೆಟ್ರೋಲ್ ಪೈಪು, ಪಕ್ಕದಲ್ಲೇ ಲಿಥಿಯಂ ಬ್ಯಾಟರಿ. ಬೆಂಕಿ ಹತ್ತದೇ ಇದ್ದದ್ದು ನಮ್ಮ ಪುಣ್ಯ ಅಷ್ಟೇ. ಬೆಂಕಿ ಆರಿಸುವ ಸಿಲಿಂಡರ್ ಇಲ್ಲದೆ ಪೆಟ್ರೋಲ್ ವಿಮಾನ ಹಾರಿಸಲು ಹೋಗಲೇಬೇಡಿ.

ಕಿತ್ತು ಬಂದ ಫೈರ್‌ವಾಲ್ ಕೈಗೆತ್ತಿಕೊಂಡಾಗ ಕಾರಣ ಅಲ್ಲೇ ಕಾಣಿಸಿತು. ಸರಿಯಾಗಿ ಅಂಟಿದ ಮರವನ್ನು ಎಳೆದು ಕಿತ್ತರೆ ಅಂಟು ಬಿಡುವುದಿಲ್ಲ, ಮರವೇ ಹರಿಯುತ್ತದೆ. ಒಂದು ತುಂಡಿನ ನಾರು ಇನ್ನೊಂದರ ಮೇಲೆ ಉಳಿದಿರುತ್ತದೆ. ಇಲ್ಲಿ ಒಂದೇ ಒಂದು ನಾರು ಇರಲಿಲ್ಲ. ಅಂಚೆಲ್ಲ ನುಣ್ಣಗೆ, ಕಪ್ಪಗೆ. ಲೇಸರ್‌ನಿಂದ ಕತ್ತರಿಸಿದ ಪ್ಲೈವುಡ್‌ನ ಅಂಚು ಸುಟ್ಟು ಕಪ್ಪಾಗಿರುತ್ತದೆ. ಆ ಮಸಿ ಪದರವನ್ನು ಉಜ್ಜಿ ತೆಗೆಯದೆ ಅಂಟು ಹಾಕಿದರೆ ಅಂಟು ಹಿಡಿಯುವುದು ಮಸಿಯನ್ನು, ಮರವನ್ನಲ್ಲ. ಇವರು ಉಜ್ಜಿಯೂ ಇರಲಿಲ್ಲ, ಸಾಕಷ್ಟು ಅಂಟೂ ಹಾಕಿರಲಿಲ್ಲ. ಮೂಲೆಗಳಲ್ಲಿ ಒಂದೆರಡು ಹನಿ, ಅಷ್ಟೇ. ಇದು ಅಪಘಾತ ಅಲ್ಲ, ಕೆಲಸಗಳ್ಳತನ.

ಚಿಕ್ಕ ವಿಮಾನದಲ್ಲಿ ಇಂಥದ್ದು ಹೇಗೋ ನಡೆದುಹೋಗುತ್ತದೆ. ದೊಡ್ಡದರಲ್ಲಿ ನಡೆಯುವುದಿಲ್ಲ. ಅಳತೆ ಎರಡರಷ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ, ಅದೇ ರೀತಿ ಕಟ್ಟಿದ್ದರೆ ತೂಕ ಎಂಟರಷ್ಟಾಗುತ್ತದೆ. ಅದರ ಮೇಲೆ ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್. 22 ಇಂಚಿನ ಪ್ರೊಪೆಲ್ಲರ್ ಹಾಕಿ ನಿಮಿಷಕ್ಕೆ 6500 ಸುತ್ತು ತಿರುಗಿಸಿದರೆ ಫೈರ್‌ವಾಲ್‌ಗೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಗುದ್ದು ಬೀಳುತ್ತದೆ. ಮುಂದಕ್ಕೆ ಎಳೆಯುವ ಬಲವೇ ಹತ್ತು ಕೆಜಿಗಿಂತ ಜಾಸ್ತಿ. ವಿಮಾನ ಮೂತಿ ಎತ್ತಿದಾಗ, ತಿರುಗಿದಾಗ ಅಷ್ಟು ದೊಡ್ಡ ಪ್ರೊಪೆಲ್ಲರ್ ಇಂಜಿನ್ನನ್ನು ಪಕ್ಕಕ್ಕೆ ಬೇರೆ ತಿರುಚುತ್ತದೆ. ನೆಲದ ಮೇಲೆ ಕಟ್ಟಿಹಾಕಿ ಓಡಿಸಿದಾಗ ಈ ತಿರುಚು ಬೀಳುವುದೇ ಇಲ್ಲ. ಹಾಗಾಗಿ ನೆಲದ ಮೇಲೆ ಪಾಸಾಯಿತು ಅಂತ ಸುಮ್ನೆ ನೆಮ್ಮದಿಯಾಗಿ ಇರಬೇಡಿ.

ಮಾರಿದವರ ಹತ್ತಿರ ಮಾತಾಡಿದ್ದು ಇನ್ನೊಂದು ಕಥೆ. ಮೊದಲು ಹೇಳಿದ್ದು, ಜೋಡಿಸಲು ಶುರು ಮಾಡಿದ ಕಿಟ್‌ಗೆ ಅವರ ಹೊಣೆ ಇಲ್ಲ ಅಂತ. ಜೋಡಿಸದೆ ಹಾರಿಸುವುದು ಹೇಗೆ ಸ್ವಾಮಿ? ಫೋಟೊ ಕಳಿಸಿದ ಮೇಲೆ ಮಾತು ತಿರುಗಿತು. ಫೈರ್‌ವಾಲ್ ಅನ್ನು ನಾನೇ ಗಟ್ಟಿ ಮಾಡಿಕೊಳ್ಳಬೇಕಿತ್ತಂತೆ. ಹಾಗೆ ಮಾಡಲು ಕೈಪಿಡಿಯಲ್ಲಿ ಎಲ್ಲಿ ಹೇಳಿದ್ದೀರಿ ಅಂತ ಕೇಳಿದರೆ, ಕೊನೆಯ ಪುಟದ ಸಣ್ಣ ಅಕ್ಷರದ ಸಾಲೊಂದನ್ನು ತೋರಿಸಿದರು. ಎಲ್ಲ ಜೋಡಣೆಗಳನ್ನೂ ಕೊಂಡವರೇ ಪರೀಕ್ಷಿಸಿಕೊಳ್ಳಬೇಕು ಅಂತ ಅಲ್ಲಿದೆ. ಹೇಗೆ ಅಂತ ಇಲ್ಲ. ತಮಾಷೆ ಏನು ಗೊತ್ತಾ? ಅದೇ ಪುಟದಲ್ಲಿ, ಕಾರ್ಖಾನೆಯ ಭಾಗಗಳನ್ನು ಬದಲಾಯಿಸಿದರೆ ವಾರಂಟಿ ಇಲ್ಲ ಅಂತಲೂ ಇದೆ. ಗಟ್ಟಿ ಮಾಡಿದರೆ ಬದಲಾಯಿಸಿದಂತೆ, ಮಾಡದಿದ್ದರೆ ಬೇಜವಾಬ್ದಾರಿ.

ಹಾಗಾಗಿ ಡಬ್ಬಿ ಬಂದ ದಿನವೇ, ಒಂದು ಸ್ಕ್ರೂ ಕೂಡ ಹಾಕುವ ಮೊದಲು, ಒಳಗಡೆ ನೋಡಿ. ಟ್ಯಾಂಕ್ ಕೂರುವ ಜಾಗದಿಂದ ಫೋನ್ ಕ್ಯಾಮೆರಾ ತೂರಿಸಿ, ಟಾರ್ಚ್ ಹಾಕಿ ಫೋಟೊ ತೆಗೆಯಿರಿ. ಫೈರ್‌ವಾಲ್‌ನ ಹಿಂಬದಿ ಸುತ್ತಲೂ ಅಂಟಿನ ಏಣು ಒಂದೇ ಸಮ ಕಾಣಬೇಕು. ಮೂಲೆಗಳಿಗೆ ತ್ರಿಕೋನದ ಮರದ ಪಟ್ಟಿ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಒಡಲನ್ನು ಎರಡೂ ತುದಿಯಲ್ಲಿ ಹಿಡಿದು ಮೆಲ್ಲಗೆ ತಿರುಚಿ. ಕಿರ್ ಅಂತ ಸದ್ದು ಬಂದರೆ ಎಲ್ಲೋ ಅಂಟು ಬಿಟ್ಟಿದೆ ಅಂತಲೇ ಲೆಕ್ಕ. ರೆಕ್ಕೆ ಜೋಡಿಸುವ ಕೊಳವೆ ಒಡಲಿನೊಳಗೆ ತೂರುವ ಗೂಡನ್ನೂ ಬೆರಳು ಹಾಕಿ ಅಲ್ಲಾಡಿಸಿ ನೋಡಿ. ದೋಷ ಕಂಡರೆ ಫೋಟೊಗಳನ್ನು ಅವತ್ತೇ ಮಾರಿದವರಿಗೆ ಕಳಿಸಿ. ಅಂಟು ಹಾಕಿದ ಮೇಲೆ ಕಳಿಸಿದ ಫೋಟೊಗೆ ಬೆಲೆಯಿಲ್ಲ.

ದೋಷ ಕಾಣದಿದ್ದರೂ ನಾನಾದರೆ ಇನ್ನು ಮುಂದೆ ಫೈರ್‌ವಾಲ್ ಗಟ್ಟಿ ಮಾಡಿಯೇ ಹಾರಿಸುತ್ತೇನೆ, ವಾರಂಟಿ ಏನಾದರೂ ಆಗಲಿ. ಒಳಮೂಲೆಗಳನ್ನು ಉಪ್ಪುಕಾಗದದಿಂದ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ, ತ್ರಿಕೋನ ಪಟ್ಟಿ ಕೂರಿಸಿ, 30 ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಅಂಟು ಹಾಕಬೇಕು. 5 ನಿಮಿಷದ್ದು ಬೇಡ. ಅದು ಮರದೊಳಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ. ಫೈರ್‌ವಾಲ್ 6 ಮಿಮೀ ಅಥವಾ ಜಾಸ್ತಿ ದಪ್ಪ ಇದ್ದರೆ, ಹೊರಗಿನಿಂದ ಪಕ್ಕದ ಹಲಗೆಯ ಮೂಲಕ ಅದರ ಅಂಚಿಗೆ ಸಣ್ಣ ತೂತು ಕೊರೆದು, ಎಪಾಕ್ಸಿ ಬಳಿದ ಬಿದಿರುಕಡ್ಡಿ ತೂರಿಸಿ. ಆಗ ಅಂಟು ಬಿಟ್ಟರೂ ಕಡ್ಡಿಗಳು ಹಿಡಿಯುತ್ತವೆ. ಕೊನೆಗೆ ಫೈರ್‌ವಾಲ್‌ನ ಮೇಲೆಲ್ಲ ತೆಳು ಎಪಾಕ್ಸಿ ಬಳಿಯಿರಿ, ಪೆಟ್ರೋಲ್ ಮತ್ತು ಎಣ್ಣೆ ಮರಕ್ಕೆ ಇಳಿಯಬಾರದು. ಎಣ್ಣೆ ಕುಡಿದ ಮರಕ್ಕೆ ಮುಂದೆ ಯಾವ ಅಂಟೂ ಹಿಡಿಯುವುದಿಲ್ಲ. ಇದಕ್ಕೆಲ್ಲ ಒಂದು ಸಂಜೆ ಸಾಕು. ಕೂಡುವ ತೂಕವನ್ನು ಬ್ಯಾಟರಿ ಸ್ವಲ್ಪ ಹಿಂದಕ್ಕೆ ಸರಿಸಿ ಸರಿದೂಗಿಸಬಹುದು.

ಅವಶೇಷ ಬಿಚ್ಚಿದಾಗ ಇನ್ನೂ ಕೆಲವು ಸಿಕ್ಕವು. ರೆಕ್ಕೆಯ ಹಿಂಬದಿಯಲ್ಲಿ ಅಲ್ಲಾಡುವ ಪಟ್ಟಿ ಐಲರಾನ್‌ನ ಹಿಂಜ್‌ಗಳನ್ನು ಕಾರ್ಖಾನೆಯಲ್ಲೇ ಅಂಟಿಸಿದ್ದರು, ಅದರಲ್ಲಿ ಒಂದು ಬೆರಳಲ್ಲಿ ಎಳೆದಾಗಲೇ ಕೈಗೆ ಬಂತು. ನಿಮ್ಮದನ್ನು ಒಂದೊಂದಾಗಿ ಗಟ್ಟಿಯಾಗಿ ಎಳೆದು ನೋಡಿ, ಮುರಿಯುತ್ತದೆ ಅಂತ ಹೆದರಬೇಡಿ. ಮುರಿಯುವುದಿದ್ದರೆ ಮೇಜಿನ ಮೇಲೇ ಮುರಿಯಲಿ. ಡಬ್ಬಿಯಲ್ಲಿ ಕೊಟ್ಟಿದ್ದ ಸಿಲಿಕೋನ್ ಪೈಪು ಪೆಟ್ರೋಲ್‌ಗೆ ಆಗಿಬರುವಂಥದ್ದಲ್ಲ, ಉಬ್ಬಿ ಮೆತ್ತಗಾಗುತ್ತದೆ. ಅದನ್ನು ನಾನು ಮೊದಲೇ ಎಸೆದು ಪೆಟ್ರೋಲ್‌ಗೆ ತಕ್ಕ ಪೈಪು ಹಾಕಿದ್ದೆ. ಟ್ಯಾಂಕಿನ ಮುಚ್ಚಳದ ರಬ್ಬರಿಗೂ ಇದೇ ಮಾತು.

ಇನ್ನೊಂದು ವಿಷಯ ಕೈಪಿಡಿಯದ್ದೇ. ಬಾಲದ ಅಡ್ಡರೆಕ್ಕೆ ಅಂಟಿಸುವ ಮೊದಲು ನಡುಭಾಗದ ಫಿಲ್ಮನ್ನು ಚೂಪಾದ ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ ಅಂತ ಬರೆದಿದ್ದಾರೆ. ಬ್ಲೇಡ್ ಕೂದಲೆಳೆಯಷ್ಟು ಒಳಗೆ ಹೋದರೂ ಬಾಲ್ಸಾದ ಮೇಲೆ ಗೀರು ಬೀಳುತ್ತದೆ, ಅದೂ ಒತ್ತಡ ಎಲ್ಲಕ್ಕಿಂತ ಜಾಸ್ತಿ ಇರುವ ಗೆರೆಯಲ್ಲೇ. ಹಾರುವಾಗ ಬಾಲ ಅಲ್ಲೇ ಮುರಿಯಬಹುದು. ಬ್ಲೇಡಿನ ಬದಲು ಬಿಸಿ ಸೋಲ್ಡರಿಂಗ್ ಐರನ್‌ನ ತುದಿಯನ್ನು ಮೆಲ್ಲಗೆ ಎಳೆದರೆ ಫಿಲ್ಮ್ ಮಾತ್ರ ಕರಗಿ ಬಿಡುತ್ತದೆ. ಇಂಥ ಸಲಹೆಯನ್ನು ಇನ್ನೂ ಯಾಕೆ ಅಚ್ಚು ಹಾಕುತ್ತಾರೋ ನನಗಂತೂ ಅರ್ಥವಾಗಿಲ್ಲ.

ನಾನು ಬಿಡದೆ ಕೇಳಿದ ಮೇಲೆ, ಮಾರಿದವರು ಅದೇ ಮಾದರಿಯ ಹೊಸ ಒಡಲನ್ನು ಕಡಿಮೆ ಬೆಲೆಗೆ ಕೊಡುತ್ತೇವೆ ಅಂದರು. ಕಳಿಸುವ ಮೊದಲು ಅದರ ಫೈರ್‌ವಾಲ್‌ನ ಹಿಂಬದಿಯ ಫೋಟೊ ಒಂದು ಬೇಕು ಅಂತ ಬರೆದೆ. ಇನ್ನೂ ಉತ್ತರ ಬಂದಿಲ್ಲ.