ಸ್ಲ್ಯಾಕ್‌ಗೆ ಬಂದು ಬೀಳುವ ಜಾಲತಾಣದ ಅಲರ್ಟ್‌ಗಳು: ಮಸಾಲೆ ಕಂಪನಿಯೊಂದರ ದೀರ್ಘಕಾಲದ ಬಳಕೆಯ ವಿಮರ್ಶೆ

ಮೈಸೂರಿನಲ್ಲಿ ಸಾಂಬಾರ್ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತಯಾರಿಸುವ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ಗ್ರಾಹಕ ಸಂಪರ್ಕದ ಕೆಲಸ ನನ್ನದು. ಸಾಮಾಜಿಕ ಜಾಲತಾಣಗಳಲ್ಲಿ ಯಾರಾದರೂ ನಮ್ಮ ಹೆಸರು ಎತ್ತಿದರೆ ಅದರ ಅಲರ್ಟ್ ನೇರವಾಗಿ ಸ್ಲ್ಯಾಕ್‌ಗೆ, ಅಂದರೆ ಕಚೇರಿಯವರೆಲ್ಲ ಸಂದೇಶ ಹಂಚಿಕೊಳ್ಳುವ ಆ್ಯಪ್‌ಗೆ, ಬರುವ ಏರ್ಪಾಡನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇವೆ. ಒಂದು ತುದಿಯಲ್ಲಿ ಜಾಲತಾಣಗಳಲ್ಲಿ ನಮ್ಮ ಹೆಸರನ್ನು ಹುಡುಕಿಕೊಡಲು ತಿಂಗಳ ಬಾಡಿಗೆ ಪಡೆಯುವ ನಿಗಾ ಸೇವೆ, ಇನ್ನೊಂದು ತುದಿಯಲ್ಲಿ ಸ್ಲ್ಯಾಕ್. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಸ್ಲ್ಯಾಕ್‌ಗೆ ಕೊಟ್ಟ ಹಣ ವ್ಯರ್ಥವಾಗಿಲ್ಲ. ನಿಗಾ ಸೇವೆ ಮಾತ್ರ ಕನ್ನಡದ ಮಟ್ಟಿಗೆ ಅರ್ಧ ಕೆಲಸ ಮಾಡಿ ಪೂರ್ತಿ ಬಿಲ್ಲು ಕಳುಹಿಸುತ್ತದೆ. ಆ ಸೇವೆಯ ಹೆಸರನ್ನು ಹೇಳುವುದಿಲ್ಲ. ಅದರ ಎದುರಾಳಿ ಸೇವೆಯೊಂದನ್ನು ಪರೀಕ್ಷೆಗೆಂದು ತರಿಸಿ ನೋಡಿದಾಗಲೂ ಹೆಚ್ಚುಕಡಿಮೆ ಇವೇ ತೊಂದರೆಗಳು ಕಂಡವು.

ಜೋಡಣೆ ಸುಲಭ. ನಿಗಾ ಸೇವೆಯ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಲ್ಯಾಕ್‌ಗೆ ಅನುಮತಿ ಕೊಟ್ಟು, ಚಾನೆಲ್ (ಒಂದು ವಿಷಯದ ಸಂದೇಶಗಳಿಗೆಂದೇ ಸ್ಲ್ಯಾಕ್‌ನಲ್ಲಿರುವ ಜಾಗ) ಆರಿಸಿದರೆ ಮುಗಿಯಿತು. ಒಳಗೆ ನಡೆಯುವುದೂ ಸರಳವೇ. ಸ್ಲ್ಯಾಕ್ ಆ ಒಂದು ಚಾನೆಲ್‌ಗೆಂದೇ ಒಂದು ವೆಬ್‌ಹುಕ್ ವಿಳಾಸವನ್ನು ಕೊಡುತ್ತದೆ, ಆ ವಿಳಾಸಕ್ಕೆ ಯಾರು ಏನು ಕಳುಹಿಸಿದರೂ ಅದು ಚಾನೆಲ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಯಾರು ಕಳುಹಿಸಿದರೂ ಎಂಬುದು ಗಮನದಲ್ಲಿರಲಿ. ಆ ವಿಳಾಸವನ್ನು ಪಾಸ್‌ವರ್ಡ್‌ನಷ್ಟೇ ಜೋಪಾನ ಮಾಡಬೇಕು. ಜಾಹೀರಾತು ಏಜೆನ್ಸಿಯವರು ಕೇಳಿದರೆಂದು ಇಮೇಲ್‌ನಲ್ಲಿ ಕಳುಹಿಸುವ ವಸ್ತುವಲ್ಲ ಅದು. ವೆಬ್‌ಹುಕ್‌ಗೆ ಇನ್ನೊಂದು ಮಿತಿಯಿದೆ: ಅದರ ಮೂಲಕ ಹಾಕಿದ ಸಂದೇಶವನ್ನು ಅದರ ಮೂಲಕವೇ ಅಳಿಸಲಾಗದು. ಒಂದೇ ದೂರಿನ ಮುಂದುವರಿದ ಪೋಸ್ಟ್‌ಗಳನ್ನು ಮೊದಲ ಅಲರ್ಟ್‌ನ ಕೆಳಗೇ ಥ್ರೆಡ್ ಆಗಿ ಪೋಣಿಸಬೇಕೆಂದರೂ ಬರಿಯ ವೆಬ್‌ಹುಕ್ ಸಾಲದು, ಪೂರ್ಣ ಪ್ರಮಾಣದ ಆ್ಯಪ್ ಬೇಕು. ಸೇವೆ ಕೊಳ್ಳುವ ಮೊದಲು ಅವರು ಕೊಡುವುದು ಇವೆರಡರಲ್ಲಿ ಯಾವುದು ಎಂದು ಕೇಳಿಕೊಳ್ಳಿ.

ಬಿಡಿಗಾಸೂ ಖರ್ಚಿಲ್ಲದ ದಾರಿಯೂ ಇದೆ. 2003ರಿಂದ ಇರುವ ಗೂಗಲ್ ಅಲರ್ಟ್ಸ್ ತನ್ನ ಫಲಿತಾಂಶಗಳನ್ನು ಆರ್‌ಎಸ್‌ಎಸ್ ಫೀಡ್ ಆಗಿಯೂ, ಅಂದರೆ ಬೇರೆ ಆ್ಯಪ್‌ಗಳು ತಾವಾಗಿಯೇ ಓದಿಕೊಳ್ಳಬಲ್ಲ ಪಟ್ಟಿಯಾಗಿಯೂ, ಕೊಡುತ್ತದೆ. ಸ್ಲ್ಯಾಕ್‌ನ ಆರ್‌ಎಸ್‌ಎಸ್ ಆ್ಯಪ್‌ಗೆ ಆ ಫೀಡನ್ನು ಕೊಟ್ಟರೆ ಸುದ್ದಿತಾಣಗಳು, ವೆಬ್ ಪುಟಗಳಲ್ಲಿ ಬಂದದ್ದು ಚಾನೆಲ್‌ಗೆ ಬರುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನ ಮಾತುಕತೆಗೆ ಅದನ್ನು ನೆಚ್ಚಬೇಡಿ. ಪತ್ರಿಕೆಗಳಲ್ಲಿ ಹೆಸರು ಬಂದರೆ ಸಾಕು ಎನ್ನುವವರಿಗೆ ಅಷ್ಟೇ ಸಾಕು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಬ್ರಾಂಡಿಗೆ ದೇವಿಯೊಬ್ಬಳ ಹೆಸರಿದೆ, ಕರ್ನಾಟಕದ ಮಸಾಲೆ ವ್ಯಾಪಾರದಲ್ಲಿ ಅದೇನೂ ಅಪರೂಪವಲ್ಲ. ಬರಿಯ ಹೆಸರನ್ನು ಕೀವರ್ಡ್ ಆಗಿ ಕೊಟ್ಟರೆ ನವರಾತ್ರಿಯ ಒಂಬತ್ತು ದಿನವೂ ಚಾನೆಲ್ ತುಂಬ ಅಲಂಕಾರ, ಮಂಗಳಾರತಿ, ರಥೋತ್ಸವ. ಪ್ಯಾಕೆಟ್ ಹರಿದು ಬಂದಿದೆ ಎಂದವರ ಪೋಸ್ಟ್ ಆ ಭಕ್ತಿಯ ನಡುವೆ ಎಲ್ಲೋ ಮುಳುಗಿರುತ್ತದೆ. ಸೇವೆಯ ಸಹಾಯವಾಣಿಯವರು ‘ಪೂಜೆ’, ‘ದರ್ಶನ’ದಂಥ ಪದಗಳಿರುವ ಪೋಸ್ಟ್‌ಗಳನ್ನು ಹೊರಗಿಡುವಂತೆ ಸಲಹೆ ಕೊಟ್ಟರು. ಪುಳಿಯೋಗರೆ ಗೊಜ್ಜು ಮಾರುವವರಿಗೆ ಈ ಸಲಹೆ ಎಷ್ಟು ಅಪಾಯಕಾರಿ ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಪೂಜೆಯ ದಿನ ನೈವೇದ್ಯಕ್ಕೆಂದು ಪುಳಿಯೋಗರೆ ಮಾಡಹೋಗಿ ಗೊಜ್ಜಿನಲ್ಲಿ ಕಲ್ಲು ಸಿಕ್ಕವರು ಪೂಜೆಯ ಮಾತೆತ್ತದೆ ದೂರು ಬರೆಯುತ್ತಾರೆಯೇ? ಕೊನೆಗೆ ಉಪಯೋಗಕ್ಕೆ ಬಂದದ್ದು ಸಾಮೀಪ್ಯದ ನಿಯಮ: ಬ್ರಾಂಡಿನ ಹೆಸರಿನಿಂದ ಕೆಲವೇ ಪದಗಳ ಅಂತರದಲ್ಲಿ ಪುಡಿ, ಗೊಜ್ಜು, ಪ್ಯಾಕೆಟ್, ಮಸಾಲೆ, ರುಚಿ ಇವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ಅಲರ್ಟ್. ಹಣ ಕೊಟ್ಟು ಪಡೆಯುವ ಸೇವೆಗಳಲ್ಲಿ ಹಲವು ಇದಕ್ಕೆ ಅವಕಾಶ ಕೊಡುತ್ತವೆ. ಆದರೆ ಅಗ್ಗದ ಪ್ಲಾನ್‌ನಲ್ಲಿಯೂ ಅದಿದೆಯೇ ಎಂದು ನೋಡಿಕೊಳ್ಳಬೇಕು.

ಕನ್ನಡದ ಕೀವರ್ಡ್‌ಗಳದು ಬೇರೆಯೇ ಕಥೆ. ‘ಗೊಜ್ಜು’ ಎಂದು ಕೊಟ್ಟರೆ ಸೇವೆ ಅಷ್ಟನ್ನೇ ಹುಡುಕುತ್ತದೆ. ಜನ ಬರೆಯುವುದು ‘ಗೊಜ್ಜಿನ’, ‘ಗೊಜ್ಜಿಗೆ’, ‘ಗೊಜ್ಜನ್ನು’, ‘ಗೊಜ್ಜೇ’ ಎಂದು. ಕೊನೆಯ ಸ್ವರವನ್ನು ಬಿಟ್ಟು ‘ಗೊಜ್ಜ’ದವರೆಗೆ ಕೊಟ್ಟು ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಇವೆಲ್ಲವೂ ಸಿಗುತ್ತವೆ, ಸೇವೆ ಕನ್ನಡ ಲಿಪಿಗೆ ಅದನ್ನು ಒಪ್ಪಿಕೊಂಡರೆ. ನಮ್ಮದು ಇಂಗ್ಲಿಷ್‌ಗೆ ಒಪ್ಪುತ್ತಿತ್ತು, ಕನ್ನಡಕ್ಕೆ ತಕರಾರು ಮಾಡುತ್ತಿತ್ತು. ಹಾಗಾಗಿ ವಿಭಕ್ತಿಗಳನ್ನೆಲ್ಲ ಒಂದೊಂದಾಗಿ ಬರೆದು ಪಟ್ಟಿ ಮಾಡಿದೆವು. ಹೈಸ್ಕೂಲಿನ ಕನ್ನಡ ವ್ಯಾಕರಣ ಕಚೇರಿಯಲ್ಲಿ ಇಷ್ಟು ನೇರವಾಗಿ ಕೆಲಸಕ್ಕೆ ಬಂದದ್ದು ಇದೊಂದೇ ಸಲ. ಇದರ ಮೇಲೆ ಪುಳಿಯೋಗರೆಯ ಕಾಗುಣಿತ: ‘ಪುಳಿಯೊಗರೆ’ ಎನ್ನುವವರು, ‘ಪುಳಿಯೋಗ್ರೆ’ ಎನ್ನುವವರು, ರೋಮನ್ ಲಿಪಿಯಲ್ಲಿ ಮನಸ್ಸಿಗೆ ಬಂದಂತೆ ಬರೆಯುವವರು. ಜೊತೆಗೆ ಕಣ್ಣಿಗೆ ಕಾಣದ ಒಂದು ಕಾಟ. ಯೂನಿಕೋಡ್‌ನಲ್ಲಿ ‘ೊ’, ‘ೋ’ ಕಾರಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಭಾಗಗಳನ್ನು ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಇವನ್ನು ಸಮ ಮಾಡಿಕೊಳ್ಳದ ಹುಡುಕಾಟಕ್ಕೆ ಅವು ಎರಡು ಬೇರೆ ಪದಗಳು. ಸಾಫ್ಟ್‌ವೇರ್ ಹುಡುಗರು ಐದು ನಿಮಿಷದಲ್ಲಿ ಸರಿಪಡಿಸಬಹುದಾದ ದೋಷ ಇದು, ಆದರೆ ಅವರ ಸಹಾಯವಾಣಿಗೆ ವಿವರಿಸಲು ನಮಗೆ ಒಂದು ಮಳೆಗಾಲವೇ ಹಿಡಿಯಿತು.

ಭಾವ ವಿಶ್ಲೇಷಣೆ ಎಂಬ ಸೌಲಭ್ಯದ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಹೊಗಳಿಕೆಗೆ ಹಸಿರು, ದೂರಿಗೆ ಕೆಂಪು ಪಟ್ಟಿಯೊಂದಿಗೆ ಅಲರ್ಟ್ ಸ್ಲ್ಯಾಕ್‌ಗೆ ಬರುತ್ತದೆ. “ಖಾರ ಅಂದರೆ ಇದು, ಕಣ್ಣಲ್ಲಿ ನೀರು ಬಂತು” ಎಂಬ ಅಭಿಮಾನಿಯ ಮಾತಿಗೆ ಕೆಂಪು. “ಮೈಸೂರಿನ ಮಾನ ಉಳಿಸಿದಿರಿ, ಧನ್ಯವಾದ” ಎಂಬ ಕೊಂಕಿಗೆ ಹಸಿರು. ಕನ್ನಡದ ಅಲರ್ಟ್‌ಗಳಿಗೆ ಬಣ್ಣವನ್ನೇ ತೆಗೆದುಹಾಕಿದ್ದೇವೆ.

ಇಷ್ಟೆಲ್ಲ ಬೈದ ಮೇಲೂ ಈ ಏರ್ಪಾಡನ್ನು ಏಕೆ ಉಳಿಸಿಕೊಂಡಿದ್ದೇವೆ ಎಂದು ಕೇಳಿದರೆ 2024ರ ಏಪ್ರಿಲ್ ತಿಂಗಳನ್ನು ತೋರಿಸುತ್ತೇನೆ. ಆ ತಿಂಗಳ ಆರಂಭದಲ್ಲಿ ಹಾಂಗ್‌ಕಾಂಗ್‌ನ ಆಹಾರ ಸುರಕ್ಷತಾ ಕೇಂದ್ರವು ಭಾರತದ ಎರಡು ಕಂಪನಿಗಳ ಮಸಾಲೆ ಮಿಶ್ರಣಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಕ್ರಿಮಿನಾಶಕ ಅನಿಲದ ಅಂಶ ಸಿಕ್ಕಿದೆ ಎಂದು ಪ್ರಕಟಿಸಿತು. ಅದೇ ತಿಂಗಳು ಸಿಂಗಪುರವೂ ಒಂದು ಮಸಾಲೆಯನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಹೇಳಿತು. ಆ ಕಂಪನಿಗಳಿಗೂ ನಮಗೂ ಸಂಬಂಧವಿಲ್ಲ. ಆದರೆ ಜನರ ಕಣ್ಣಿಗೆ ಮಸಾಲೆ ಎಂದರೆ ಎಲ್ಲವೂ ಮಸಾಲೆಯೇ. ದುಬೈನಿಂದ, ನ್ಯೂಜೆರ್ಸಿಯಿಂದ, ಇಲ್ಲಿ ಕುವೆಂಪುನಗರದಿಂದ “ಇವರದೂ ಹಾಗೆಯೇ ಇರಬಹುದೇ?” ಎಂಬ ಪ್ರಶ್ನೆಗಳು ಸಾಲುಗಟ್ಟಿದವು. ಗುಣಮಟ್ಟ ವಿಭಾಗದ ಮುಖ್ಯಸ್ಥೆಯವರಿಗೆ ಥ್ರೆಡ್‌ನಲ್ಲಿಯೇ “ಮೇಡಂ, ನಮ್ಮಲ್ಲಿ ಈ ಅನಿಲ ಬಳಸುತ್ತೇವೆಯೇ? ಜನರಿಗೆ ಏನು ಹೇಳಲಿ?” ಎಂದು ಕೇಳಿದೆ. ಊಟದ ಹೊತ್ತಿಗೆ ಅವರು ಪ್ರಯೋಗಾಲಯದ ವರದಿಯನ್ನು ಹಾಕಿ, ಯಾವ ವಾಕ್ಯವನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂದೂ ಬರೆದರು. ಅದರಿಂದ ಕನ್ನಡ ಮತ್ತು ಇಂಗ್ಲಿಷ್ ಉತ್ತರಗಳನ್ನು ಸಿದ್ಧಪಡಿಸಿ ಚಾನೆಲ್‌ನಲ್ಲಿ ಪಿನ್ ಮಾಡಿದೆವು. ರಾತ್ರಿ ಪಾಳಿಯವರೂ ರಫ್ತು ವಿಭಾಗದವರೂ ಅದನ್ನೇ ಬಳಸಿದರು. ಒಂದೇ ಕಂಪನಿಯಿಂದ ಮೂರು ಬಗೆಯ ಉತ್ತರ ಹೋಗಲಿಲ್ಲ. ಇಮೇಲ್‌ನಲ್ಲಿ ಅಲರ್ಟ್ ಬರುತ್ತಿದ್ದ ಕಾಲದಲ್ಲಿ ಇದು ಆಗದ ಮಾತಾಗಿತ್ತು. ಅಲರ್ಟ್ ನನ್ನೊಬ್ಬನ ಇನ್‌ಬಾಕ್ಸ್‌ನಲ್ಲಿ ಕೂರುತ್ತಿತ್ತು, ಉತ್ತರ ಗೊತ್ತಿದ್ದವರು ಬೇರೆ ಮಹಡಿಯಲ್ಲಿ ಕೂರುತ್ತಿದ್ದರು.

ಆ ವಾರ ಒಂದು ದೋಷವೂ ಬಯಲಾಯಿತು. ವೆಬ್‌ಹುಕ್ ಮೂಲಕ ಒಂದು ಚಾನೆಲ್‌ಗೆ ಸೆಕೆಂಡಿಗೆ ಸುಮಾರು ಒಂದು ಸಂದೇಶವನ್ನಷ್ಟೇ ಸ್ಲ್ಯಾಕ್ ಸ್ವೀಕರಿಸುತ್ತದೆ. ಮೀರಿದರೆ 429 ಎಂಬ ದೋಷಸಂಖ್ಯೆ ಕೊಟ್ಟು, ಎಷ್ಟು ಹೊತ್ತು ಕಾಯಬೇಕೆಂದೂ ತಿಳಿಸುತ್ತದೆ. ಕಾದು ಮತ್ತೆ ಕಳುಹಿಸುವುದು ಕಳುಹಿಸುವವರ ಕೆಲಸ. ನಮ್ಮ ನಿಗಾ ಸೇವೆ ಕಾಯಲಿಲ್ಲ, ಕೆಲವು ಅಲರ್ಟ್‌ಗಳನ್ನು ಕೈಬಿಟ್ಟಿತು. ಅವರ ಡ್ಯಾಶ್‌ಬೋರ್ಡನ್ನೂ ಚಾನೆಲನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಅದು ತಿಳಿಯಿತು. ಈಗ ಸಾಮಾನ್ಯ ಉಲ್ಲೇಖಗಳನ್ನೆಲ್ಲ ಗಂಟೆಗೊಮ್ಮೆ ಒಟ್ಟುಗೂಡಿಸಿ ಒಂದೇ ಸಂದೇಶವಾಗಿ ತರಿಸಿಕೊಳ್ಳುತ್ತೇವೆ. ಹುಳು, ಕೂದಲು, ವಾಂತಿ, ಆಸ್ಪತ್ರೆ ಇಂಥ ಪದಗಳಿದ್ದರೆ ಮಾತ್ರ ಬೇರೆ ಚಾನೆಲ್‌ಗೆ ತಕ್ಷಣ ಬರುತ್ತದೆ, ಎಲ್ಲರ ಫೋನೂ ಸದ್ದು ಮಾಡುತ್ತದೆ. ಎಲ್ಲರನ್ನೂ ಕರೆಯುವ ಆ ಸೂಚನೆಯನ್ನು ವೆಬ್‌ಹುಕ್‌ನಲ್ಲಿ ಸ್ಲ್ಯಾಕ್ ಹೇಳಿದ ವಿಶೇಷ ರೂಪದಲ್ಲಿಯೇ ಬರೆಯಬೇಕು. ಮಾಮೂಲಿಯಾಗಿ ಟೈಪ್ ಮಾಡಿದರೆ ಅದು ಬರಿಯ ಅಕ್ಷರವಾಗಿ ಉಳಿಯುತ್ತದೆ.

ಯಾರು ಎತ್ತಿಕೊಂಡರು ಎಂಬ ಗೊಂದಲಕ್ಕೆ ನಮ್ಮ ಪರಿಹಾರ ಎರಡು ಎಮೋಜಿ. ಕಣ್ಣಿನ ಗುರುತು ಹಾಕಿದವರು ಆ ದೂರಿಗೆ ಹೊಣೆ, ಸರಿ ಗುರುತು ಬಿದ್ದರೆ ಮುಗಿಯಿತು. ಯಾವ ಗುರುತೂ ಇಲ್ಲದೆ ಸಂಜೆಯಾದರೆ ಅದು ನನ್ನದು. ಸೇವೆಯವರು ಇದಕ್ಕೆಂದೇ ಮಾರುವ ಟಿಕೆಟ್ ವ್ಯವಸ್ಥೆಯ ಬೆಲೆ ನೋಡಿ ನಕ್ಕೆವು.

ಸ್ಲ್ಯಾಕ್‌ಗೆ ಹಣ ಕೊಡಲೇಬೇಕೇ? ನಮ್ಮಂಥವರಿಗೆ ಹೌದು. 2022ರ ಸೆಪ್ಟೆಂಬರ್‌ನಿಂದ ಉಚಿತ ಪ್ಲಾನ್‌ನಲ್ಲಿ ಕಡೆಯ 90 ದಿನಗಳ ಸಂದೇಶಗಳಷ್ಟೇ ಕಾಣುತ್ತವೆ, ಹೊರಗಿನ ಆ್ಯಪ್‌ಗಳ ಜೋಡಣೆಗೂ 10ರ ಮಿತಿಯಿದೆ. ಮಸಾಲೆ ಪ್ಯಾಕೆಟ್‌ನ ಬಾಳಿಕೆ ತಿಂಗಳುಗಟ್ಟಲೆ ಇರುತ್ತದೆ. ಜನವರಿಯಲ್ಲಿ ಒಂದು ಬ್ಯಾಚ್ ಬಗ್ಗೆ ದೂರು ಬಂದು, ಅದೇ ಬ್ಯಾಚ್‌ನ ಇನ್ನೊಂದು ಪ್ಯಾಕೆಟ್ ಜೂನ್‌ನಲ್ಲಿ ಯಾರದೋ ಅಡುಗೆಮನೆಯಲ್ಲಿ ತೆರೆದುಕೊಳ್ಳಬಹುದು. ಆಗ ಬ್ಯಾಚ್ ಸಂಖ್ಯೆಯನ್ನು ಹುಡುಕಿದರೆ ಜನವರಿಯ ಥ್ರೆಡ್ ಸಿಗಬೇಕು. ಹಣ ಕೊಡಲು ಆಗದವರು ಪ್ರತಿ ಅಲರ್ಟನ್ನೂ ಒಂದು ಗೂಗಲ್ ಶೀಟ್‌ಗೆ ದಾಖಲಿಸುವ ವ್ಯವಸ್ಥೆಯನ್ನು ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದು. ಕಚೇರಿಯಲ್ಲಿ ಈಗಾಗಲೇ ಮೈಕ್ರೋಸಾಫ್ಟ್ ಟೀಮ್ಸ್ ಇರುವವರು ಬರಿಯ ಇದಕ್ಕಾಗಿ ಸ್ಲ್ಯಾಕ್‌ಗೆ ಬರಬೇಕಾಗಿಲ್ಲ. ಆದರೆ ಹೊರಗಿನ ಸೇವೆಗಳನ್ನು ಜೋಡಿಸುವ ಟೀಮ್ಸ್‌ನ ಹಳೆಯ ಕನೆಕ್ಟರ್‌ಗಳನ್ನು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2024ರಲ್ಲಿ ಪ್ರಕಟಿಸಿದೆ, ಜೋಡಣೆಯನ್ನು ಅವುಗಳ ಬದಲಿಗಿರುವ ವರ್ಕ್‌ಫ್ಲೋಸ್ ಮೂಲಕ ಮಾಡಿಕೊಳ್ಳಿ.

ಕಾಣದೆ ಹೋಗುವ ಜಾಗಗಳು ಯಾವುವು ಎಂದು ತಿಳಿದಿರಬೇಕು, ಏಕೆಂದರೆ ಮಾರಾಟಗಾರರು ಹೇಳುವುದಿಲ್ಲ. ವಾಟ್ಸ್ಆ್ಯಪ್ ಗುಂಪುಗಳು ಕಾಣುವುದಿಲ್ಲ, ಫೇಸ್‌ಬುಕ್‌ನ ಖಾಸಗಿ ಗುಂಪುಗಳೂ ಕಾಣುವುದಿಲ್ಲ. ಇನ್‌ಸ್ಟಾಗ್ರಾಂನ ಅಧಿಕೃತ ಎಪಿಐ (ಬೇರೆ ಸಾಫ್ಟ್‌ವೇರ್‌ಗಳು ಮಾಹಿತಿ ಪಡೆಯುವ ದಾರಿ) ಮೂಲಕ ಒಂದು ಖಾತೆಯಿಂದ ಏಳು ದಿನಗಳಲ್ಲಿ 30 ಹ್ಯಾಶ್‌ಟ್ಯಾಗ್‌ಗಳನ್ನಷ್ಟೇ ಹುಡುಕಬಹುದು. ಟ್ವಿಟರ್ 2023ರ ಫೆಬ್ರವರಿಯಲ್ಲಿ ತನ್ನ ಎಪಿಐಗೆ ಉಚಿತ ಪ್ರವೇಶವನ್ನು ಮುಗಿಸುವುದಾಗಿ ಹೇಳಿತು, ಅದೇ ವರ್ಷದ ಜುಲೈನಲ್ಲಿ ರೆಡಿಟ್ ಕೂಡ ದರ ಇಟ್ಟಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟ್‌ಗಳ ಮೇಲೆ ನಿಗಾ ಇಡಲು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಅವುಗಳ ಒಡೆಯ ಕಂಪನಿ ಮೆಟಾ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಈ ಬೆಲೆಯೆಲ್ಲ ಒಂದಲ್ಲ ಒಂದು ದಿನ ನಮ್ಮ ಬಿಲ್ಲಿಗೇ ಬರುತ್ತದೆ, ಬಂದಿದೆ ಕೂಡ.

ನಮಗೆ ಎಲ್ಲಕ್ಕಿಂತ ಹೆಚ್ಚು ನೋಯುವ ಕೊರತೆ ಯೂಟ್ಯೂಬ್‌ನದು. ಕನ್ನಡದಲ್ಲಿ ಅಡುಗೆಯ ಮಾತುಕತೆ ನಡೆಯುವುದೇ ಅಡುಗೆ ವಿಡಿಯೊಗಳ ಕೆಳಗೆ. ಯೂಟ್ಯೂಬ್‌ನ ಎಪಿಐ ಕಾಮೆಂಟ್‌ಗಳನ್ನು ವಿಡಿಯೊ ಅಥವಾ ಚಾನೆಲ್ ಹೆಸರಿಸಿ ಕೇಳಿದರೆ ಕೊಡುತ್ತದೆ. ಇಡೀ ಯೂಟ್ಯೂಬ್‌ನ ಕಾಮೆಂಟ್‌ಗಳಲ್ಲಿ ಈ ಪದ ಎಲ್ಲಿದೆ ಎಂದು ಕೇಳುವ ಅವಕಾಶವಿಲ್ಲ. ವಿಡಿಯೊಗಳ ಹುಡುಕಾಟವೂ ದುಬಾರಿ: ದಿನಕ್ಕೆ ಸಿಗುವ ಸಾಮಾನ್ಯ ಕೋಟಾ 10,000 ಯೂನಿಟ್, ಒಂದು ಹುಡುಕಾಟಕ್ಕೆ 100 ಯೂನಿಟ್ ಎಂಬ ಲೆಕ್ಕಾಚಾರದಲ್ಲಿ ನಾವು ಯೋಜನೆ ಹಾಕಬೇಕಾಯಿತು.

ಈ ಸಲ ನವೀಕರಣದ ಹೊತ್ತಿಗೆ ಸ್ಲ್ಯಾಕ್ ಅನ್ನು ಹಾಗೆಯೇ ಮುಂದುವರಿಸಿ, ನಿಗಾ ಸೇವೆಯಲ್ಲಿ ಒಂದು ಮೆಟ್ಟಿಲು ಕೆಳಗಿನ ಪ್ಲಾನ್‌ಗೆ ಇಳಿದೆವು. ಸಾಮೀಪ್ಯದ ನಿಯಮ ಅದರಲ್ಲೂ ಇದೆ, ಹೋದದ್ದು ಭಾವ ವಿಶ್ಲೇಷಣೆ ಮತ್ತು ಯಾರೂ ತೆರೆಯದ ಮಾಸಿಕ ವರದಿ. ಉಳಿದ ಹಣದಲ್ಲಿ ಅರ್ಧ ದಿನದ ಕೆಲಸಕ್ಕೆ ಒಬ್ಬರನ್ನು ತೆಗೆದುಕೊಂಡಿದ್ದೇವೆ. ಅವರು ಮಧ್ಯಾಹ್ನ ಕನ್ನಡದ ಅಡುಗೆ ಚಾನೆಲ್‌ಗಳ ಹೊಸ ಕಾಮೆಂಟ್‌ಗಳನ್ನು ಓದಿ, ನಮಗೆ ಸಂಬಂಧಿಸಿದ್ದನ್ನು ಅದೇ ಸ್ಲ್ಯಾಕ್ ಚಾನೆಲ್‌ಗೆ ಹಾಕುತ್ತಾರೆ, ಜೊತೆಗೆ ಒಂದು ಸಾಲಿನ ಟಿಪ್ಪಣಿ: ನಿಜವಾದ ದೂರೋ, ಕೊಂಕೋ, ಬ್ಯಾಚ್ ಸಂಖ್ಯೆ ಕೇಳಬೇಕೋ. ಯಂತ್ರ ಕಳುಹಿಸುವ ಅಲರ್ಟ್‌ಗಳಿಗಿಂತ ಅವರ ಸಂದೇಶಗಳ ಮೇಲೆಯೇ ಕಣ್ಣಿನ ಗುರುತು ಬೇಗ ಬೀಳುತ್ತಿದೆ.